ಕದಲಿಸದ ಪೂಜೆ

"ಆಯುಧಪೂಜೆ ದಿನ ಕಾರು ಮನೆಗೆ ಬರುತ್ತೆ. ಅಷ್ಟ್ರೊಳಗೆ ಶೆಡ್ ಖಾಲಿ ಮಾಡ್ಬಿಡಮ್ಮ," ಎಂದು ದೇವದಾಸ್ ಹೇಳಿದಾಗ ವಾರಿಜಾ ಟೇಬಲ್ಲಿನ ಮೂರನೇ ಕಾಲನ್ನು ಬೆಂಚಿಗೆ ಬಿಗಿದು ಹತ್ತರಿ ಹೊಡೆಯುತ್ತಿದ್ದಳು. ಹತ್ತರಿಯ ಬಾಯಿಂದ ಅರ್ಧ ಹೊರಬಂದಿದ್ದ ಮರದ ಸುರುಳಿ ಹಾಗೇ ನಿಂತುಬಿಟ್ಟಿತು.

ದೇವದಾಸ್ ಅವಳ ಗಂಡನ ಅಣ್ಣ, ಮೇಲಿನ ಮನೆಯವರು. ಬರುವಾಗ ಕೊತ್ತಂಬರಿ ಸೊಪ್ಪು ತಂದುಬಿಡು ಎನ್ನುವಷ್ಟೇ ಸಲೀಸಾಗಿ ಹೇಳಿದ್ದರು. ಬಾಗಿಲಲ್ಲೇ ನಿಂತಿದ್ದರು, ಪ್ಯಾಂಟಿಗೆ ಹೊಟ್ಟು ಮೆತ್ತಿಕೊಳ್ಳಬಾರದಲ್ಲ.

"ಖಾಲಿ ಮಾಡಿ ಎಲ್ಲಿಗೆ ಹಾಕ್ಲಿ ಭಾವ?"

"ಟೆರೇಸ್ ಇದೆಯಲ್ಲ. ಒಂದು ಟಾರ್ಪಾಲ್ ಹೊದಿಸ್ಬಿಡು. ಹಾಬಿ ತಾನೆ, ಎಲ್ಲಿ ಮಾಡಿದ್ರೇನು?"

"ಹಂಗಾದ್ರೆ ಕಾರೇ ಟೆರೇಸ್ ಮೇಲೆ ನಿಲ್ಸಿ."

ದೇವದಾಸ್ ನಕ್ಕರು. ತಮಾಷೆ ಎಂದುಕೊಂಡರು. "ಅಪ್ಪ ಇದನ್ನ ಕಟ್ಟಿಸಿದ್ದೇ ಕಾರಿಗೆ ಅಂತ ಕಣಮ್ಮ," ಎಂದು ಹೇಳಿ ಮೆಟ್ಟಿಲು ಹತ್ತಿದರು.

ಕಟ್ಟಿಸಿದ್ದು ಕಾರಿಗೇ, ಸುಳ್ಳಲ್ಲ. ಕುಮಾರಸ್ವಾಮಿ ಲೇಔಟಿನ ಆ ಸೈಟಿನಲ್ಲಿ ಮನೆ ಕಟ್ಟಿಸಿದ ಮಾವನವರು ಗೇಟಿನ ಪಕ್ಕ ಒಂದು ಶೆಡ್ ಹಾಕಿಸಿದ್ದರು. ಅವರ ಕಾಲಕ್ಕೆ ಕಾರು ಬರಲಿಲ್ಲ. ಅವರು ಹೋದ ಮೇಲೆ ಮುರಿದ ಮಂಚ ಬಂತು, ಒಣಗಿದ ಪೇಂಟ್ ಡಬ್ಬಗಳು ಬಂದವು, ಮೇಲಿನ ಮನೆಯವರ ಹಳೇ ಕಮೋಡ್ ಬಂತು, ಕೊನೆಗೆ ಹೆಗ್ಗಣಗಳ ಒಂದು ದೊಡ್ಡ ಸಂಸಾರವೂ ಬಂದು ನೆಲೆಸಿತು. ಎಷ್ಟೋ ವರ್ಷ ಆ ಕಡೆಗೆ ಒಂದು ನರಪಿಳ್ಳೆಯೂ ತಿರುಗಿ ನೋಡಿರಲಿಲ್ಲ.

ತಿರುಗಿ ನೋಡಿದವಳು ವಾರಿಜಾ. ಮಗಳು ಸಿರಿಗೆಂದು ತಂದಿದ್ದ ಟೇಬಲ್ಲು ನೆಲ ಒರೆಸುವ ನೀರು ತಾಕಿ ತಾಕಿ, ನೆನೆದ ರಸ್ಕಿನ ಹಾಗೆ ಉಬ್ಬಿ ಉದುರಿಹೋಗಿತ್ತು. ಒಳಗಿದ್ದದ್ದು ಮರವೇ ಅಲ್ಲ, ಬರೀ ಅಂಟು ಮತ್ತು ಪುಡಿ. ಅದನ್ನು ಬಾಚಿ ಕಸಕ್ಕೆ ಹಾಕುವಾಗ ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂದಿತ್ತು. ಇನ್ನು ಮುಂದೆ ಈ ಮನೆಗೆ ಬರುವ ಟೇಬಲ್ಲು ತನ್ನ ಕೈಯದೇ ಎಂದಳು. ಗಂಡ ವೇಣು "ಹೂಂ" ಎಂದ. ಅವನು ಎಲ್ಲದಕ್ಕೂ ಹೂಂ ಅನ್ನುವವನೇ.

ಬನಶಂಕರಿಯ ಕಣ್ಣಾಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಅವಳ ಕೆಲಸ. ಅಲ್ಲಿ ದಿನವಿಡೀ "ಮೇಡಂ ಇನ್ನೂ ಎಷ್ಟೊತ್ತು?", ಮನೆಗೆ ಬಂದರೆ "ಅಮ್ಮಾ ನನ್ನ ಚಾರ್ಜರ್ ಎಲ್ಲಿ?" ಇವೆರಡರ ನಡುವೆ ಸಿಕ್ಕಿದ ಸಂಜೆಗಳಲ್ಲಿ ಅವಳು ಶೆಡ್ಡು ಗುಡಿಸಿದಳು, ಸುಣ್ಣ ಬಳಿದಳು, ಹೆಗ್ಗಣದ ಬಿಲಗಳಿಗೆ ಗಾಜಿನ ಚೂರು ತುಂಬಿ ಸಿಮೆಂಟು ಮೆತ್ತಿದಳು. ಜೆ.ಪಿ. ನಗರದಲ್ಲಿ ಭಾನುವಾರದ ಮರಗೆಲಸದ ತರಗತಿಗೆ ಹೋದಳು. ಗೊಟ್ಟಿಗೆರೆಯ ಆಚೆ, ಒಡೆದ ಮನೆಗಳ ಮರಮುಟ್ಟು ಮಾರುವ ಕಡೆ ಸಿಕ್ಕಿದ ಮತ್ತಿಮರದ ಹಳೇ ಬಾಗಿಲನ್ನು ಮಲಗಿಸಿ, ಕೆಳಗೆ ದಪ್ಪ ಕಾಲು ಕೊಟ್ಟು ಬೆಂಚು ಮಾಡಿದಳು. ಚಿಲಕದ ತೂತು ಮುಚ್ಚಲಿಲ್ಲ. ಪೆನ್ಸಿಲು ನಿಲ್ಲಿಸಲು ಹೇಳಿಮಾಡಿಸಿದ ಹಾಗಿತ್ತು.

ಜೋಡಿಸುವುದೇ ದೊಡ್ಡ ಕೆಲಸವಾಯಿತು. ವಿಡಿಯೋಗಳಲ್ಲಿ ತೋರಿಸುವಂತೆ ಉಳಿಗಳೆಲ್ಲ ಒಂದು ಸಾಲು, ಗರಗಸಗಳೆಲ್ಲ ಒಂದು ಸಾಲು ಎಂದು ಗೋಡೆಗೆ ನೇತುಹಾಕಿದಳು. ನೋಡಲು ಚೆಂದ, ಕೆಲಸಕ್ಕೆ ನಿಂತರೆ ನಡೆದೂ ನಡೆದೂ ಸಾಕು. ಕೊನೆಗೆ ಒಂದು ದಿನ ಎಲ್ಲವನ್ನೂ ಕಿತ್ತು ತನ್ನ ಅಡುಗೆಮನೆಯ ಲೆಕ್ಕದಲ್ಲಿ ಇಟ್ಟಳು. ದಿನಾ ಬೇಕಾದದ್ದು ಕೈಗೆಟಕುವ ಕಡೆ, ವಾರಕ್ಕೊಮ್ಮೆ ಬೇಕಾದದ್ದು ಬಗ್ಗಿದರೆ ಸಿಗುವ ಕಡೆ, ಹಬ್ಬಹುಣ್ಣಿಮೆಗೆ ಬೇಕಾದದ್ದು ಮೇಲೆ. ಸಾಸಿವೆ, ಜೀರಿಗೆ ಒಂದೇ ಡಬ್ಬಿಯಲ್ಲಿ ಇರುವ ಹಾಗೆ ಜೊತೆಜೊತೆಗೆ ಬೇಕಾಗುವ ಉಳಿ, ಸುತ್ತಿಗೆ, ಮೂಲೆಮಟ್ಟ ಒಂದೇ ಕಡೆ. ಆಮೇಲೆ ಕಣ್ಣುಮುಚ್ಚಿ ಕೈಚಾಚಿದರೂ ಬೇಕಾದದ್ದೇ ಸಿಗುತ್ತಿತ್ತು.

ಎದುರುಮನೆಯ ಪಿಳ್ಳಣ್ಣ ಕಾಂಪೌಂಡಿನ ಮೇಲಿಂದ ಕತ್ತು ಚಾಚಿದ್ದರು. "ಏನಮ್ಮಾ, ಬೋರ್ಡ್ ಯಾವಾಗ ಹಾಕಿಸ್ತೀರಾ?"

"ನಿಮ್ಮ ಮನೆ ಬಾಗಿಲು ಕೊಡಿ ಅಂಕಲ್, ಅದ್ರಲ್ಲೇ ಬೋರ್ಡ್ ಮಾಡ್ಕೋತೀನಿ," ಎಂದಿದ್ದಳು.

ಕಸ ತುಂಬಿದ್ದಾಗ ಯಾರಿಗೂ ಬೇಡವಾಗಿದ್ದ ಜಾಗ ಗುಡಿಸಿ ಸಾರಿಸಿದ ಮೇಲೆ ಎಲ್ಲರ ಕಣ್ಣಿಗೂ ಬಿತ್ತು. ದೇವದಾಸರ ಕಾರು ಬುಕ್ ಆದದ್ದು ಆಮೇಲೆ.

"ಬಿಟ್ಟುಕೊಟ್ಬಿಡೆ, ಏನೀಗ? ಅಣ್ಣನ ಹತ್ರ ಯಾಕೆ ನಿಷ್ಠೂರ?" ಎಂದ ವೇಣು, ಕಾಫಿ ಲೋಟದೊಳಗೆ ನೋಡುತ್ತ.

"ನಿಮ್ಮ ಅಣ್ಣನ ಹತ್ರ ನಿಷ್ಠೂರ ಆಗ್ಬೇಕಾಗಿರೋಳು ನಾನು ತಾನೆ? ನೀವು ಆರಾಮಾಗಿ ಕಾಫಿ ಕುಡೀರಿ."

ಹೀಗೆ ಹಬ್ಬ ಬಂದೇಬಿಟ್ಟಿತು. ವಾರಿಜಾ ಒಂದು ಮೊಳೆಯನ್ನೂ ಕದಲಿಸಿರಲಿಲ್ಲ. ಆಯುಧಪೂಜೆಯ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಉಳಿ, ಗರಗಸ, ಹತ್ತರಿಗಳನ್ನೆಲ್ಲ ಎಣ್ಣೆಬಟ್ಟೆಯಲ್ಲಿ ಒರೆಸಿ ಬೆಂಚಿನ ಮೇಲೆ ಸಾಲಾಗಿ ಇಟ್ಟಳು. ಅರಿಶಿನ ಕುಂಕುಮ ಹಚ್ಚಿ ಸೇವಂತಿಗೆ ಏರಿಸಿದಳು. ಅತ್ತೆ ಸುಧಾಮಣಿ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ದೀಪ ಆ ಕಡೆ, ಗಂಧ ಈ ಕಡೆ ಎಂದು ಹೇಳಿಕೊಟ್ಟರು. ಸೊಸೆಯ ಮರಗೆಲಸದ ಬಗ್ಗೆ ಅವರು ಒಳ್ಳೆಯದೋ ಕೆಟ್ಟದ್ದೋ ಒಂದು ಮಾತನ್ನೂ ಆಡಿದವರಲ್ಲ. ಆದರೆ ಪೂಜೆ ಎಂದ ಮೇಲೆ ಒಂದು ಅಕ್ಷತೆ ಕಾಳೂ ಆಚೀಚೆ ಆಗಬಾರದು.

ಮಂಗಳಾರತಿ ಆಗುವ ಹೊತ್ತಿಗೆ ಗೇಟಿನಲ್ಲಿ ಹಾರ್ನು ಕೇಳಿತು. ಬೆಳ್ಳಿಬಣ್ಣದ ಕಾರು, ಬಾನೆಟ್ಟಿನ ಮೇಲೆ ಕುಂಕುಮದ ಸ್ವಸ್ತಿಕ, ಚೆಂಡುಹೂವಿನ ಹಾರ. ದೇವದಾಸ್ ಇಳಿದು ಬಂದು ಶೆಡ್ಡಿನ ಒಳಗೆ ನೋಡಿ ಹೌಹಾರಿದರು.

"ಏನಮ್ಮ ಇದು? ಹೇಳಿದ್ನಲ್ಲ! ನಡಿಯೋ ವೇಣು, ಒಂದು ಕಡೆ ಹಿಡಿ, ಈ ಬೆಂಚು ಎತ್ತಿ ಆಚೆ ಇಡಣ."

"ಕೈ ತೆಗಿ!" ಸುಧಾಮಣಿಯ ದನಿ ಬೀದಿಗೆ ಕೇಳಿತು. "ಪೂಜೆಗೆ ಕೂರಿಸಿರೋದನ್ನ ಎತ್ತಿ ಆಚೆ ಇಡ್ತೀಯೇನೋ? ಕೂರಿಸಿದೋರೇ ಅಕ್ಷತೆ ಹಾಕಿ, ಉತ್ತರಕ್ಕೆ ಸರಿಸಿ ಕದಲಿಸ್ಬೇಕು. ಅಲ್ಲಿವರೆಗೂ ಯಾರೂ ಮುಟ್ಟೋ ಹಾಗಿಲ್ಲ. ಅಷ್ಟೂ ಗೊತ್ತಿಲ್ವಾ?"

"ಕದಲಿಸೋದು ಯಾವಾಗ?"

"ನಾಳೆ. ವಿಜಯದಶಮಿ ದಿನ. ಅವಳು ಕೂರಿಸಿದಾಳೆ, ಅವಳೇ ಕದಲಿಸ್ತಾಳೆ."

ಅಲ್ಲಿಯವರೆಗೆ ವಾರಿಜಾಳಿಗೆ ಯಾವ ಉಪಾಯವೂ ಹೊಳೆದಿರಲಿಲ್ಲ. ತನ್ನ ಸಾಮಾನಿಗೆ ಅದರ ಜಾಗದಲ್ಲೇ ಒಂದು ಪೂಜೆ ಆಗಲಿ, ಆಮೇಲೆ ಜಗಳವೋ ಗಿಗಳವೋ ನೋಡೋಣ ಎಂದಷ್ಟೇ ಇದ್ದಳು. ಈಗ ಅತ್ತೆಯೇ ಕೈಗೆ ಅಸ್ತ್ರ ಕೊಟ್ಟಂತಾಯಿತು. ಕಾರು ಅವತ್ತು ಬೀದಿಯಲ್ಲಿ, ಪಿಳ್ಳಣ್ಣನವರ ಗೇಟಿಗೆ ಅರ್ಧ ಅಡ್ಡವಾಗಿ ಮಲಗಿತು.

ವಿಜಯದಶಮಿ ಬಂತು, ಹೋಯಿತು. ವಾರಿಜಾ ಕದಲಿಸಲಿಲ್ಲ.

"ಯಾಕೆ?" ಎಂದು ದೇವದಾಸ್ ಕೇಳಿದರೆ "ಮನಸ್ಸಿಗೆ ಬರ್ಲಿ ಭಾವ," ಎಂದಳು. ಅವರು ತಾಯಿಯ ಹತ್ತಿರ ಹೋದರು. "ಕೂರಿಸಿದೋರ ಕೈಯಲ್ಲೇ ಕದಲಬೇಕು ಕಣೋ, ನಾನೇನು ಮಾಡ್ಲಿ," ಎಂದರು ಸುಧಾಮಣಿ, ಟೀವಿ ಕಡೆಯಿಂದ ಮುಖ ತಿರುಗಿಸದೆ. ಆ ಮಾತಿನಲ್ಲಿ ಸ್ವಲ್ಪ ತುಂಟತನ ಇತ್ತೋ ಏನೋ, ವಾರಿಜಾಳಿಗೆ ಸರಿಯಾಗಿ ತಿಳಿಯಲಿಲ್ಲ.

ಮೊದಮೊದಲು ಅವಳಿಗೆ ಒಳಗೊಳಗೇ ಕುಣಿಯುವಷ್ಟು ಖುಷಿ. ಸಂಜೆ ಬಂದವಳೇ ಶೆಡ್ಡಿಗೆ ಹೋಗಿ ದೀಪ ಹಚ್ಚುತ್ತಿದ್ದಳು, ಕೈಮುಗಿಯುತ್ತಿದ್ದಳು, ಶಟರ್ ಎಳೆದು ಬರುತ್ತಿದ್ದಳು. ಆದರೆ ಕದಲಿಸದ ಪೂಜೆ ಭಾವನನ್ನಷ್ಟೇ ಅಲ್ಲ, ಅವಳನ್ನೂ ತಡೆಯುತ್ತದೆ. ಹತ್ತರಿ ಕಣ್ಣೆದುರೇ ಇದೆ, ಮುಟ್ಟುವ ಹಾಗಿಲ್ಲ. ಟೇಬಲ್ಲಿನ ಮೂರು ಕಾಲು ಸಿದ್ಧವಾಗಿವೆ, ನಾಲ್ಕನೆಯದು ಹಲಗೆಯೊಳಗೇ ಕೂತಿದೆ. ಸಿರಿ ಹಾಸಿಗೆಯ ಮೇಲೆ ಬೋರಲು ಬಿದ್ದು ಬರೆಯುತ್ತಲೇ ಇದ್ದಾಳೆ.

"ಅಮ್ಮಾ, ಇದು ವರ್ಕ್‌ಶಾಪ್ ಅಲ್ಲ ಬಿಡು, ದೇವಸ್ಥಾನ. ನೀನು ಅರ್ಚಕಿ," ಎಂದಳು ಸಿರಿ. "ತೀರ್ಥ ಕೊಡೋಕೂ ಶುರು ಮಾಡು."

"ಬಾಯಿ ಮುಚ್ಕೊಂಡು ಓದೇ."

ಮಗಳು ಹೇಳಿದ್ದು ಚುಚ್ಚಿದರೂ ಅಷ್ಟಾಗಿ ನೋಯಲಿಲ್ಲ. ನೋಯಿಸಿದ್ದು ಮೆಟ್ಟಿಲ ಮೇಲಿಂದ ಬಂದ ಮಾತು. ದೇವದಾಸ್ ಫೋನಿನಲ್ಲಿ ಯಾರಿಗೋ ನಗುನಗುತ್ತ ಹೇಳುತ್ತಿದ್ದರು. "ಮಾಡ್ಕೊಂಡಿರ್ಲಿ ಬಿಡು ಗುರು, ಎಷ್ಟು ದಿನ ಮಾಡ್ತಾಳೆ? ಮನೇಲಿ ಸದ್ದಾದ್ರೂ ನಿಂತಿತಲ್ಲ. ಮಳೆಗಾಲ ಬರೋಷ್ಟ್ರಲ್ಲಿ ಅವಳಿಗೇ ಆ ಹುಚ್ಚು ಬಿಟ್ಟುಹೋಗುತ್ತೆ."

ವಾರಿಜಾ ಕೈಯಲ್ಲಿದ್ದ ಹಾಲಿನ ಪ್ಯಾಕೆಟ್ಟು ಹಿಡಿದುಕೊಂಡೇ ನಿಂತುಬಿಟ್ಟಳು. ಹೌದಲ್ಲ. ಜಾಗ ಉಳಿದಿದೆ, ಕೆಲಸ ಹೋಗಿದೆ. ಭಾವ ತನ್ನನ್ನು ಸೋಲಿಸಬೇಕಾಗೇ ಇಲ್ಲ. ತಾನೇ ತನ್ನ ಕೈಗೆ ಹೂವಿನ ಸರ ಕಟ್ಟಿಕೊಂಡು ಕೂತಿದ್ದಾಳೆ. ದೇವರನ್ನು ಬಾಗಿಲಿಗೆ ಕಾವಲು ನಿಲ್ಲಿಸಿ, ತಾನು ಅದರ ಹಿಂದೆ ಅಡಗಿದ್ದಾಳೆ. ಜಾಗ ಕೊಡುವುದಿಲ್ಲ ಎಂಬ ಮಾತು ಅವಳ ಬಾಯಿಂದ ಇವತ್ತಿಗೂ ನೇರವಾಗಿ ಬಂದಿಲ್ಲ.

ಭಾನುವಾರ ಸ್ನಾನ ಮಾಡಿ ಶೆಡ್ಡಿನ ಶಟರ್ ಪೂರ್ತಿ ಮೇಲಕ್ಕೆತ್ತಿದಳು. ಅಕ್ಷತೆ ಹಾಕಿ, ಒಂದೊಂದು ಉಳಿಯನ್ನೂ ಉತ್ತರಕ್ಕೆ ಚೂರು ಸರಿಸಿ ಕೈಮುಗಿದಳು. ಸುಧಾಮಣಿ ಮನೆಯೊಳಗಿಂದ ಓಡುವಂತೆ ಬಂದರು.

"ಅಯ್ಯೋ ದಡ್ಡಿ, ಕದಲಿಸಿಬಿಟ್ಯಾ? ಇನ್ನವನು ಕೇಳಿದ್ರೆ ನಾನೇನೇ ಹೇಳ್ಲಿ? ಶಾಸ್ತ್ರ ಮುಗಿದೇ ಹೋಯ್ತಲ್ಲೇ!"

"ನೀವು ಹೇಳ್ಬೇಡಿ ಅತ್ತೆ. ನಾನೇ ಹೇಳ್ತೀನಿ."

ಸುದ್ದಿ ಮೇಲಿನ ಮನೆಗೆ ಮುಟ್ಟಲು ಎಷ್ಟು ಹೊತ್ತು? ವಾರಿಜಾ ನಾಲ್ಕನೇ ಕಾಲಿನ ಮರವನ್ನು ಬೆಂಚಿಗೆ ಬಿಗಿಯುವಷ್ಟರಲ್ಲಿ ಕಾರು ಗೇಟು ದಾಟಿ ಮೂತಿಯನ್ನು ಶೆಡ್ಡಿನ ಹೊಸ್ತಿಲಿಗೆ ತಂದಿಟ್ಟಿತು. ಕಿಟಕಿಯಿಂದ ದೇವದಾಸರ ತಲೆ ಹೊರಬಂತು.

"ಅಂತೂ ಕದಲಿಸಿದ್ಯಲ್ಲಮ್ಮ, ಪುಣ್ಯ ಬರ್ಲಿ! ಎಲ್ಲ ಒಂದು ಕಡೆ ಸರಿಸ್ಬಿಡು, ಗಾಡಿ ಒಳಗೆ ತಗೋತೀನಿ."

"ಇದು ಇಲ್ಲಿಂದ ಸರಿಯೋದಿಲ್ಲ ಭಾವ."

"ಇನ್ನೇನು? ಪೂಜೆ ಮುಗೀತಲ್ಲ?"

"ಮುಗೀತು. ಇಷ್ಟು ದಿನ ಪೂಜೆ ಅಡ್ಡ ಇತ್ತು. ಈಗ ನಾನಿದೀನಿ."

ದೇವದಾಸ್ ಎಂಜಿನ್ ಆಫ್ ಮಾಡಲಿಲ್ಲ. "ನೋಡು ವಾರಿಜಾ, ತಮಾಷೆ ಸಾಕು. ಅಪ್ಪ ಕಾರಿಗೆ ಅಂತ ಕಟ್ಟಿಸಿದ್ದು ಇದು."

"ಮಾವ ಕಟ್ಟಿಸಿದ್ರು. ನಿಮ್ಮ ಕಮೋಡ್ ಇಟ್ಟಿದ್ದು ನೀವು. ಹೆಗ್ಗಣ ಓಡಿಸಿದ್ದು ನಾನು. ಅವು ಇದ್ದಾಗ ಇದು ಅಪ್ಪ ಕಟ್ಟಿಸಿದ ಶೆಡ್ಡು ಅಂತ ಯಾರಿಗೂ ನೆನಪಿರ್ಲಿಲ್ಲ. ನಾನು ಇಲ್ಲಿಂದ ಏಳಲ್ಲ ಭಾವ. ಇವತ್ತೂ ಇಲ್ಲ, ಮಳೆಗಾಲ ಬಂದ್ಮೇಲೂ ಇಲ್ಲ."

ಮಳೆಗಾಲ ಎಂಬ ಮಾತು ಕೇಳಿ ದೇವದಾಸರ ಮುಖ ಒಂದು ಚಣ ಪೆಚ್ಚಾಯಿತು. "ಅಮ್ಮಾ, ನೀನಾದ್ರೂ ಹೇಳು!"

"ಶಾಸ್ತ್ರ ಕೇಳಿದ್ರೆ ಹೇಳ್ತಿದ್ದೆ," ಎಂದರು ಸುಧಾಮಣಿ, ಸೆರಗು ಸೊಂಟಕ್ಕೆ ಸಿಕ್ಕಿಸಿ. "ಇದು ಶಾಸ್ತ್ರ ಅಲ್ವಲ್ಲ."

ದೇವದಾಸ್ ಹಾರ್ನು ಒತ್ತಿದರು. ವಾರಿಜಾ ಹತ್ತರಿ ಎತ್ತಿಕೊಂಡಳು. ಕಾಲು ಅಗಲಿಸಿ ನಿಂತು, ಮರದ ಆ ತುದಿಯಿಂದ ಈ ತುದಿವರೆಗೆ ಒಂದೇ ಉಸಿರಿಗೆ ಎಳೆದಳು. ಸುರುಳಿ ಹಾರಿ ಬಾನೆಟ್ಟಿನ ಮೇಲೆ ಬಿತ್ತು. ಇನ್ನೊಂದು ಹಾರ್ನು. ಇನ್ನೊಂದು ಎಳೆತ. ಇಷ್ಟು ದಿನ ಸುಮ್ಮನಿದ್ದ ತೋಳು ಮೊದಲು ಮಿಡುಕಾಡಿತು, ಆಮೇಲೆ ದಾರಿಗೆ ಬಂತು. ಪಿಳ್ಳಣ್ಣ ಕಾಂಪೌಂಡಿನ ಮೇಲೆ ಮೊಣಕೈಯೂರಿ ನಿಂತರು. ಸಿರಿ ಕಿಟಕಿಯಿಂದ ಇಣುಕಿದಳು.

ಆಗ ವೇಣು ಮನೆಯೊಳಗಿಂದ ಬಂದ. ಬರಿಗಾಲಲ್ಲಿ, ಪೇಪರ್ ಕಂಕುಳಲ್ಲಿ. ಹೆಂಡತಿಯ ಕಡೆಗೂ ನೋಡಲಿಲ್ಲ, ಅಣ್ಣನ ಕಡೆಗೂ ನೋಡಲಿಲ್ಲ. ನೇರ ಗೇಟಿನ ಹೊರಗೆ ಹೋಗಿ ಕಾರಿನ ಹಿಂದೆ ನಿಂತು, ಬೀದಿಯ ಆಚೀಚೆ ನೋಡಿ ಕೈಯಾಡಿಸಿದ.

"ಬರ್ಲಿ ಅಣ್ಣ, ಬರ್ಲಿ, ಹಿಂದೆ ಬರ್ಲಿ. ಸ್ವಲ್ಪ ಲೆಫ್ಟಿಗೆ ಕಟ್ ಮಾಡು. ಗೇಟು ತಾಗುತ್ತೆ ನೋಡ್ಕೋ."

ದೇವದಾಸ್ ಕನ್ನಡಿಯಲ್ಲಿ ತಮ್ಮನನ್ನೇ ದಿಟ್ಟಿಸಿದರು. ವೇಣುವಿನ ಕೈ ನಿಲ್ಲಲಿಲ್ಲ.

"ಸಂಜೆ ಇದನ್ನ ಕೂತು ಮಾತಾಡ್ತೀನಿ," ಎಂದರು ದೇವದಾಸ್, ಗೇರು ಬದಲಿಸುತ್ತ.

"ಬನ್ನಿ ಭಾವ, ಇಲ್ಲೇ ಇರ್ತೀನಿ," ಎಂದು ವಾರಿಜಾ ಮರವನ್ನು ತಿರುಗಿಸಿ ಇನ್ನೊಂದು ಮಗ್ಗುಲಿಗೆ ಹತ್ತರಿ ಹಚ್ಚಿದಳು.