ರೆಪ್ಪೆಯ ಮೇಲೊಂದು ಬೆರಳು

ಮಚ್ಚೆ ತೆಗೆಯಬೇಕೋ ಬೇಡವೋ, ಮೇಲ್ತುಟಿಯ ಎಡಕ್ಕೆ ಸಾಸಿವೆಯಷ್ಟು, ಮದುಮಗಳಿಗೆ ಅದು ಇಷ್ಟವೋ ಇಲ್ಲವೋ ಯಾರಿಗೆ ಗೊತ್ತು, ಸ್ಟುಡಿಯೋ ಯಜಮಾನರನ್ನು ಕೇಳಿದರೆ ತೆಗಿಯಮ್ಮ, ತೆಗೆದ್ರೆ ಯಾರೂ ಬೈಯಲ್ಲ, ಬಿಟ್ರೆ ಬೈತಾರೆ ಎನ್ನುತ್ತಾರೆ, ಇಷ್ಟು ವರ್ಷ ಹೀಗೇ ತೆಗೆಯುತ್ತ ಬಂದಿದ್ದೇನೆ, ಮಚ್ಚೆ, ಮೊಡವೆ, ಹೊಲಿಗೆಯ ಗುರುತು, ಗಲ್ಲದ ಕೆಳಗಿನ ಇನ್ನೊಂದು ಗಲ್ಲ, ಈ ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ, ಕಿಟಕಿಗೆ ಕಪ್ಪು ಬಟ್ಟೆ, ಫ್ಯಾನಿನ ಕಟಕಟ, ಮೌಸಿನ ಮೇಲೆ ಕೈ, ಮೇಜಿನ ಮೇಲೆ ಅಂಗಾತ ಬಿದ್ದಿರುವ ಫೋನು — ಅದು ಯಾವಾಗ ಬೇಕಾದರೂ ಕೂಗಬಹುದು. ಗುರುವಾರ ಒಂದು ಜಾಗ ಖಾಲಿ ಆಗಿದೆ ಮೇಡಂ, ಬರಬೇಕಿದ್ದ ಮಗೂಗೆ ನೆಗಡಿ, ನಿಮ್ಮ ಮಗಳಿಗೆ ಆಪರೇಷನ್ ಮಾಡಿಸೋದಾದ್ರೆ ಇವತ್ತು ಸಂಜೆಯೊಳಗೆ ಹೇಳ್ಬಿಡಿ, ಇಲ್ಲಾಂದ್ರೆ ಮುಂದಿನವರಿಗೆ ಕೊಡ್ತೀವಿ, ನಾನೇ ಇನ್ನೊಂದ್ಸಲ ಫೋನ್ ಮಾಡ್ತೀನಿ, ಎಂದಿದ್ದಳು ಬೆಳಗ್ಗೆ ಆಸ್ಪತ್ರೆಯ ಹುಡುಗಿ, ಬಸ್ಸಿನಲ್ಲಿ ಸೀಟು ಖಾಲಿ ಇದೆ ಎನ್ನುವವಳ ಹಾಗೆ, ಅವಳದೇನು ತಪ್ಪು, ಅವಳಿಗೆ ದಿನಕ್ಕೆ ಎಷ್ಟು ಮಕ್ಕಳೋ, ನನಗೆ ಒಂದೇ. ಒಂದೇ ಮಗು, ಬಲಗಣ್ಣಿನ ರೆಪ್ಪೆ ಹುಟ್ಟಿದಾಗಿನಿಂದ ಅರ್ಧ ಇಳಿದಿದೆ, ಯಾರೋ ಅಂಗಡಿಯ ಬಾಗಿಲು ಅರ್ಧ ಎಳೆದು ಊಟಕ್ಕೆ ಹೋದ ಹಾಗೆ, ಆದ್ದರಿಂದ ಯಾರನ್ನು ನೋಡುವುದಿದ್ದರೂ ಗಲ್ಲ ಮೇಲೆತ್ತಿ ನೋಡುತ್ತಾಳೆ, ಐದು ವರ್ಷದ ಮಹಾರಾಣಿ, ನಮ್ಮ ಬಟಾಣಿ. ಒಂದು ಕಣ್ಣು ಎದ್ದಿದೆ, ಒಂದು ಕಣ್ಣು ಮಲಗಿದೆ, ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು, ಮೊದಲೆಲ್ಲ, ನಗುತ್ತ. ಮಚ್ಚೆ ಇರಲಿ. ಬಿಟ್ಟರೆ ಬೈಯಲಿ.

ಸಣ್ಣ ಆಪರೇಷನ್, ಎಂದರು ಡಾಕ್ಟರು. ರೆಪ್ಪೆ ಎತ್ತೋ ಸ್ನಾಯುಗೆ ಬಲ ಸ್ವಲ್ಪ ಕಮ್ಮಿ, ಅದನ್ನ ಬಿಗಿ ಮಾಡ್ತೀವಿ, ಅಷ್ಟೇ. ಮಾಡ್ಲೇಬೇಕಾ ಡಾಕ್ಟ್ರೇ. ಮಾಡ್ಲೇಬೇಕು ಅಂತೇನಿಲ್ಲ, ದೃಷ್ಟಿ ಚೆನ್ನಾಗೇ ಇದೆ, ಕಣ್ಣಿಗೆ ಅಪಾಯ ಇಲ್ಲ, ಮಾಡಿಸಿದ್ರೆ ನೋಡೋಕೆ ಚೆನ್ನಾಗಿರತ್ತೆ, ಕತ್ತು ಎತ್ತೋ ಅಭ್ಯಾಸ ಹೋಗತ್ತೆ, ಕಾಯ್ತೀವಿ ಅಂದ್ರೆ ಕಾಯ್ಬಹುದು, ಯೋಚನೆ ಮಾಡಿ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಲು ಅಷ್ಟೊಂದು ಓದಬೇಕೇ, ಬೇಕು ಎನ್ನಿ, ಬೇಡ ಎನ್ನಿ, ಯಾವುದಾದರೂ ಒಂದು ಅಂದು ನನ್ನ ತಲೆಯಿಂದ ಇಳಿಸಿ. ಚಿಕ್ಕ ಮಗು ಅಲ್ವಾ, ಪೂರ್ತಿ ಮಲಗಿಸಿಯೇ ಮಾಡ್ಬೇಕು, ಆಮೇಲೆ ಇನ್ನೊಂದು ಮಾತು, ರೆಪ್ಪೆ ಬಿಗಿ ಮಾಡಿದ್ಮೇಲೆ ನಿದ್ದೇಲಿ ಆ ಕಣ್ಣು ಪೂರ್ತಿ ಮುಚ್ಚದೇ ಇರಬಹುದು, ಒಂಚೂರು ಸಂದು ಉಳಿಯತ್ತೆ, ಮಲಗೋವಾಗ ಮುಲಾಮು ಹಚ್ಚಿದ್ರಾಯ್ತು, ನೋಡಿ ಗಾಬರಿ ಆಗ್ಬೇಡಿ. ಇವರು ತಲೆಯಾಡಿಸಿದರು, ನನ್ನ ಗಂಡ, ಫ್ರಿಜ್ ರಿಪೇರಿ ಮಾಡುವವರಿಗೆ ಎಲ್ಲವೂ ಬಿಗಿ ಮಾಡುವ ಕೆಲಸವೇ, ನಾನು ಮಾತ್ರ ಆ ಸಂದಿನಲ್ಲೇ ಸಿಕ್ಕಿಕೊಂಡೆ. ಮಗು ನಿದ್ದೆ ಮಾಡುತ್ತಿದೆ, ಒಂದು ಕಣ್ಣು ಮುಚ್ಚಿದೆ, ಇನ್ನೊಂದರಲ್ಲಿ ಬಿಳಿಯ ಗೆರೆ, ಮುಚ್ಚಬೇಕಾದ ಕಣ್ಣು ಮುಚ್ಚಿಲ್ಲ — ಬಟಾಣಿಯನ್ನು ತೊಡೆಗೆ ಎಳೆದುಕೊಂಡೆ, ಯಾಕೆ ಎಂದು ಇವರಿಗೆ ಹೇಳಲಿಲ್ಲ. ದಾರಿಯಲ್ಲಿ ಇವರೇ ಹೇಳಿದರು, ಮಾಡಿಸೋಣ, ನಾಳೆ ದೊಡ್ಡವಳಾಗಿ ಅಪ್ಪಾ ಯಾಕೆ ಮಾಡಿಸ್ಲಿಲ್ಲ ಅಂತ ಕೇಳಿದ್ರೆ ಏನ್ ಹೇಳ್ತೀಯ. ಮಾಡಿಸಿ ಏನಾದ್ರೂ ಆದ್ರೆ ಯಾರಿಗೆ ಹೇಳ್ಲಿ. ಏನಾಗತ್ತೆ, ದಿನಾ ಮಾಡ್ತಾರೆ ಅವರು. ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು, ಮಗುವಿನ ಕಣ್ಣಿಗೆ ಕತ್ತರಿ ಹಾಕ್ತೀರಾ, ನನಗೂ ಸಣ್ಣವಳಿದ್ದಾಗಿಂದ ಹೀಗೇ ಇದೆ, ಯಾರೂ ಕಟ್ಕೊಳ್ಳದೇ ಬಿಟ್ರಾ, ನಿಮ್ಮಪ್ಪ ಕಟ್ಕೊಂಡ್ರಲ್ಲ. ಅಪ್ಪ ಕತ್ಲಲ್ಲಿ ನೋಡಿರ್ಬೇಕು, ಎಂದರು ಇವರು. ಅತ್ತೆ ಸೌಟು ತೋರಿಸಿದರು, ಬಟಾಣಿ ಗಲ್ಲ ಎತ್ತಿ ಎಲ್ಲರನ್ನೂ ನೋಡಿ ನಕ್ಕಳು, ನಾನೂ ನಕ್ಕೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ನನಗೆ ಆ ಅರ್ಧ ರೆಪ್ಪೆಯೇ ಮುದ್ದು, ಹುಟ್ಟಿದ ದಿನ ಮೊದಲು ಕಂಡದ್ದು ಅದೇ.

ಆಗಲೇ ಬೇಡ ಅಂದುಬಿಡಬೇಕಿತ್ತು, ಅಂದಿದ್ದರೆ ಮುಗಿಯುತ್ತಿತ್ತು, ಆದರೆ ಆ ವಾರವೇ ಅಲ್ಲವೇ ಬಚ್ಚಲುಮನೆಯ ಬಾಗಿಲು ಅರೆತೆರೆದಿದ್ದದ್ದು, ನಾನು ಒಗೆಯಲು ನೆನೆಸಿದ ಬಟ್ಟೆ ಹಿಡಿದು ಹೋಗಿದ್ದು, ಒಳಗೆ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ನಿಂತಿದ್ದಾಳೆ ಬಟಾಣಿ, ಕನ್ನಡಿಯ ಮುಂದೆ, ತೋರುಬೆರಳಿನಿಂದ ಬಲಗಣ್ಣಿನ ರೆಪ್ಪೆಯನ್ನು ಮೇಲೆ ಎತ್ತಿ ಹಿಡಿದಿದ್ದಾಳೆ, ಗಲ್ಲ ನೆಟ್ಟಗೆ ಇಳಿದಿದೆ, ಹಲ್ಲು ತೋರಿಸಿ ನಗುತ್ತಿದ್ದಾಳೆ, ಫೋಟೋಗೆ ನಗುವ ನಗು. ಬೆರಳು ಬಿಟ್ಟಳು, ರೆಪ್ಪೆ ಇಳಿಯಿತು, ನಗು ನಿಂತಿತು. ಮತ್ತೆ ಎತ್ತಿದಳು, ಮತ್ತೆ ನಗು. ನಾನು ಬಾಗಿಲ ಹಿಂದೆ ಸರಿದು ನಿಂತೆ, ಒದ್ದೆ ಬಟ್ಟೆ ಕಾಲಿಗೆ ತೊಟ್ಟಿಕ್ಕುತ್ತಿತ್ತು. ರಾತ್ರಿ ಕೇಳಿದೆ, ಶಾಲೆಯಲ್ಲಿ ಏನಾದ್ರೂ ಅಂದ್ರಾ ಬಟಾಣಿ. ಇಲ್ಲ. ಮಿಸ್ಸು. ಮಿಸ್ಸು ಏನಂದ್ರು. ನಿದ್ದೆ ಬರ್ತಿದ್ಯಾ, ಎದ್ದು ಮುಖ ತೊಳ್ಕೊಂಡು ಬಾ ಅಂದ್ರು, ತೊಳ್ಕೊಂಡು ಬಂದೆ, ಆಮೇಲೂ ನಿದ್ದೆ ಬರ್ತಿದ್ಯಾ ಅಂದ್ರು, ಎಲ್ಲರೂ ನಕ್ರು. ಹೊಸ ಮಿಸ್ಸು, ಪಾಪ, ಗೊತ್ತಿರಲಿಕ್ಕಿಲ್ಲ, ಹೋಗಿ ಹೇಳಿ ಬಂದೆ, ಅವಳು ಬಾಯಿ ಮೇಲೆ ಕೈಯಿಟ್ಟುಕೊಂಡು ಅಯ್ಯೋ ಸಾರಿ ಎಂದಳು. ಅಲ್ಲಿಗೆ ಅದು ಮುಗಿದದ್ದು ಅವಳಿಗೆ ಮಾತ್ರ. ನನಗೆ ಅಂದಿನಿಂದ ಕಣ್ಣು ಮುಚ್ಚಿದರೆ ಆ ಬೆರಳು, ರೆಪ್ಪೆಯ ಮೇಲಿನ ಬೆರಳು, ಅದು ಬರಬರುತ್ತ ದಪ್ಪವಾಗುತ್ತದೆ, ಉಗುರು ಒಡೆಯುತ್ತದೆ, ಉಗುರಿನ ಸುತ್ತ ಬಿಳಿ ಪೇಂಟು ಒಣಗಿ ಕೂರುತ್ತದೆ, ಅದು ನನ್ನ ಮಗಳ ಬೆರಳಲ್ಲ, ಅದು ಹೆಬ್ಬೆರಳು, ಆ ಮನುಷ್ಯನದು.

ಗೋಡೆಗೆ ಪೇಂಟ್ ಹೊಡೆಯುವವನು. ಬಟಾಣಿ ಆಗ ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದಳು. ಅವನು ಬಂದು ಕೌಂಟರಿನ ಮೇಲೆ ಫೋನು ಇಟ್ಟ, ಇದೊಂದೇ ಇರೋದು, ದೊಡ್ಡದು ಮಾಡ್ಕೊಡ್ತೀರಾ, ಕಣ್ಣು ತೆರೆದ ಹಾಗೆ. ಮಗು. ಬಿಳಿ ಬಟ್ಟೆಯಲ್ಲಿ. ಎಡಗಣ್ಣು ಮುಚ್ಚಿತ್ತು, ಬಲಗಣ್ಣನ್ನು ಒಂದು ಹೆಬ್ಬೆರಳು ಎತ್ತಿ ಹಿಡಿದಿತ್ತು, ಫೋಟೋ ತೆಗೆಯುವಾಗಲಾದರೂ ನೋಡಲಿ ಎಂದು, ಅದು ಎತ್ತಲೂ ನೋಡುತ್ತಿರಲಿಲ್ಲ. ಯಜಮಾನರು ಫೋನನ್ನು ನನ್ನ ಕಡೆ ತಳ್ಳಿ ಹೊರಗೆ ಹೋದರು, ಇಂಥ ಕೆಲಸ ಬಂದರೆ ಅವರಿಗೆ ತಟ್ಟನೆ ಬೀಡಿಯ ನೆನಪಾಗುತ್ತದೆ. ಮಗು ಏನಾಗಿ ತೀರಿಕೊಂಡಿತು ಎಂದು ನಾನು ಕೇಳಲಿಲ್ಲ, ಕೇಳುವುದಿಲ್ಲ ನಾವು, ಕೇಳಿದರೆ ಮೌಸು ಗೆರೆ ತಪ್ಪುತ್ತದೆ, ಗೆರೆ ತಪ್ಪಿದರೆ ಅಂಚು ಕೆಡುತ್ತದೆ, ಆದರೆ ಈಗ ಅನಿಸುತ್ತದೆ ಕೇಳಬೇಕಿತ್ತು, ಜ್ವರ ಎಂದಿದ್ದರೆ ಜ್ವರ ಎಂದು ಸುಮ್ಮನಾಗುತ್ತಿದ್ದೆ, ಕೇಳದೇ ಬಿಟ್ಟಿದ್ದಕ್ಕೆ ಈ ವಾರವೆಲ್ಲ ಆ ಖಾಲಿ ಜಾಗದಲ್ಲಿ ಒಂದೇ ಮಾತು ಬಂದು ಕೂರುತ್ತಿದೆ, ಸಣ್ಣ ಆಪರೇಷನ್ನಿಗೆ ಕರ್ಕೊಂಡು ಹೋಗಿದ್ವಿ, ಪೂರ್ತಿ ಮಲಗಿಸಿದ್ರು. ಅವನು ಹಾಗೆ ಹೇಳಲೇ ಇಲ್ಲ. ನನ್ನ ತಲೆಯಲ್ಲಿ ಮಾತ್ರ ಹೇಳುತ್ತಾನೆ, ದಿನಾ. ಹೆಬ್ಬೆರಳನ್ನು ತೆಗೆದೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, ಹಣೆಯ ಚರ್ಮವನ್ನು ಇಳಿಸಿ ಮುಚ್ಚಿದೆ, ಕಣ್ಣು ಬೇಕಲ್ಲ, ನಮ್ಮಲ್ಲಿ ಕಣ್ಣುಗಳದ್ದೇ ಒಂದು ಫೋಲ್ಡರ್ ಇದೆ, ರೆಪ್ಪೆ ಮಿಟುಕಿಸಿದ ಮಾವಂದಿರಿಗೆ, ಚಿಕ್ಕಮ್ಮಂದಿರಿಗೆ ಹಾಕಲು, ಎಲ್ಲ ದೊಡ್ಡವರ ಕಣ್ಣು, ಮಗುವಿನದು ಒಂದೂ ಇಲ್ಲ. ನಮ್ಮ ಮನೆಯ ಫೋಟೋಗಳು ಇದೇ ಕಂಪ್ಯೂಟರಿನಲ್ಲಿದ್ದವು. ಬಟಾಣಿಯ ಎಡಗಣ್ಣು, ಎದ್ದಿರುವ ಕಣ್ಣು, ಬೆಳಕು ಸರಿಯಾಗಿ ಹೊಂದಿತು, ಅದನ್ನು ಎಡಕ್ಕೆ ಹಾಕಿದೆ, ಅದನ್ನೇ ತಿರುಗಿಸಿ ಬಲಕ್ಕೂ ಹಾಕಿದೆ. ಮಗು ನೋಡಿತು. ನನಗೆ ಆಗ ಏನೂ ಅನಿಸಲಿಲ್ಲ, ಸುಳ್ಳೇಕೆ, ಖುಷಿಯೇ ಆಯಿತು, ಕೆಲಸ ಚೆನ್ನಾಗಿ ಬಂತೆಂದು. ಅವನು ಫ್ರೇಮು ತೆಗೆದುಕೊಳ್ಳಲು ಬಂದ, ಬಹಳ ಹೊತ್ತು ನೋಡಿದ, ಆಮೇಲೆ ಗಾಜಿನ ಮೇಲೆ, ಬಲಗಣ್ಣಿನ ಮೇಲೆ, ಹೆಬ್ಬೆರಳು ಇಟ್ಟ. ಇಲ್ಲಿ ನನ್ನ ಬೆರಳಿತ್ತು, ಎಂದ. ಬೈಯಲಿಲ್ಲ, ಅಳಲಿಲ್ಲ, ಚೀಲದಲ್ಲಿ ಹಾಕಿಕೊಂಡು ಹೋದ. ಈಗ ಯಾವುದೋ ಬೀದಿಯ ಯಾವುದೋ ಮನೆಯ ಗೋಡೆಯಲ್ಲಿ ನನ್ನ ಮಗಳ ಎರಡು ಒಳ್ಳೆಯ ಕಣ್ಣುಗಳಿವೆ, ಸಮವಾಗಿ, ನೆಟ್ಟಗೆ, ಇಷ್ಟು ವರ್ಷದಿಂದ ಮುಚ್ಚಿಲ್ಲ.

ಇದನ್ನೆಲ್ಲ ಇವರಿಗೆ ಹೇಗೆ ಹೇಳಲಿ, ಹೇಳಿದರೆ ನಿನ್ನ ತಲೆಯನ್ನ ಮೊದಲು ಬಿಗಿ ಮಾಡಿಸ್ಬೇಕು ಎನ್ನುತ್ತಾರೆ, ನಿನ್ನೆ ಊಟ ಮಾಡುತ್ತ ಎಷ್ಟು ಸಲೀಸಾಗಿ ಹೇಳಿದರು, ಅಲ್ಲ ಕಣೇ, ನಿನ್ನ ಕೆಲಸ ಅದೇ ಅಲ್ವಾ, ಬಟಾಣಿ ಫೋಟೋದಲ್ಲಿ ಎರಡೂ ಕಣ್ಣು ಸರಿ ಮಾಡಿ ತೋರ್ಸು, ಹೇಗೆ ಕಾಣ್ತಾಳೆ ನೋಡಿ ತೀರ್ಮಾನ ಮಾಡೋಣ, ಎರಡು ನಿಮಿಷದ ಕೆಲಸ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ, ಅಂದುಕೊಂಡೆ, ಬಾಯಿಬಿಟ್ಟು ಹೂಂ ಅಂದೆ. ಮದುಮಗಳನ್ನು ಸರಿಸುತ್ತೇನೆ. ಬಟಾಣಿಯನ್ನು ತೆರೆಯುತ್ತೇನೆ, ಶಾಲೆಯ ಗುರುತಿನ ಚೀಟಿಗೆ ತೆಗೆದದ್ದು, ಗಲ್ಲ ಮೇಲೆ, ಅರ್ಧ ರೆಪ್ಪೆ, ಅದರ ಕೆಳಗಿಂದ ಇಣುಕುವ ಕಪ್ಪು. ಎಡಗಣ್ಣಿನ ಸುತ್ತ ಗೆರೆ ಎಳೆ, ಎತ್ತಿಕೋ, ತಿರುಗಿಸು, ಬಲಕ್ಕೆ ಇಡು, ಅಂಚು ಮೃದು ಮಾಡು, ಕೈಗೆ ದಾರಿ ಗೊತ್ತಿದೆ, ಕೈಗೆ ಗೊತ್ತಿರುವುದೇ ಕಷ್ಟ. ಆಯಿತು. ಎರಡು ಕಣ್ಣು, ಸಮವಾಗಿ, ನೆಟ್ಟಗೆ, ಇದು ಅದೇ ನೋಟ, ಮಗಳೇ, ಈ ಜೋಡಿಯನ್ನು ನಾನು ಮೊದಲೇ ಮಾಡಿ ಕೊಟ್ಟಿದ್ದೇನೆ, ಈ ಮುಖ ನಿನ್ನದಲ್ಲ, ಗೋಡೆಯ ಮೇಲಿನದು. ಗುರುವಾರ ನಿನ್ನನ್ನು ಮಲಗಿಸಿ ಎಬ್ಬಿಸುವಾಗ ಈ ಕಣ್ಣು ಬಿಟ್ಟು ನೋಡುವವಳು ಯಾರು, ನನಗೆ ಹೆದರಿಕೆ, ಹುಚ್ಚು ಹೆದರಿಕೆ, ಗೊತ್ತು, ಆದರೆ ಹೆದರಿಕೆಯೇ. ಬೇಡ ಅನ್ನುತ್ತೇನೆ. ಫೋನು ಬರಲಿ, ಬೇಡ ಅನ್ನುತ್ತೇನೆ, ಅತ್ತೆಗೆ ಆಗದ್ದು ಇವಳಿಗೇನಾದೀತು, ಇವಳೂ ಗಲ್ಲ ಎತ್ತಿಕೊಂಡೇ ಬದುಕುತ್ತಾಳೆ, ಯಾರಿಗೂ ತಲೆ ತಗ್ಗಿಸದೆ.

ಮುಂದಿನ ಕೋಣೆಯಲ್ಲಿ ಚಪ್ಪಲಿಯ ಸದ್ದು, ಅತ್ತೆ, ಶಾಲೆ ಬಿಟ್ಟಿತು, ಯಜಮಾನರು ಏನಮ್ಮಾ ಬಟಾಣಿ ಎನ್ನುತ್ತಿದ್ದಾರೆ, ಪರದೆ ಆರಿಸಬೇಕಿತ್ತು, ಆರಿಸುವಷ್ಟರಲ್ಲಿ ಒಳಗೆ ನುಗ್ಗಿ ನನ್ನ ತೊಡೆ ಹತ್ತಿದಳು, ಬೆವರು, ಮೇಣದ ಬಣ್ಣದ ವಾಸನೆ. ಅಮ್ಮಾ, ನನ್ನ ಫೋಟೋನಾ. ಹೂಂ. ಗಲ್ಲ ಎತ್ತಿ ನೋಡಿದಳು, ಬೆರಳಿಟ್ಟು ತೋರಿಸಿದಳು, ಇದು ಎದ್ದಿದೆ, ಇದೂ ಎದ್ದಿದೆ. ಹೂಂ. ನಾನೂ ಹಾಗೆ ಮಾಡ್ತೀನಿ ನೋಡು. ಎತ್ತಿದಳು. ತೋರುಬೆರಳಿನಿಂದ, ಎಷ್ಟು ಸಲೀಸು, ನೋಡದೆಯೇ ಬೆರಳು ಸರಿಯಾದ ಜಾಗಕ್ಕೆ ಹೋಗುತ್ತದೆ, ನನ್ನ ಕೈ ಮೌಸಿಗೆ ಹೋಗುವ ಹಾಗೆ. ಕೈ ತೆಗಿ ಬಟಾಣಿ. ತೆಗೆದ್ರೆ ಮಲಗಿಬಿಡತ್ತಮ್ಮ. ಮಲಗಲಿ, ಕೈ ತೆಗಿ. ಮಿಸ್ಸು ನೋಡೋವಾಗೆಲ್ಲ ಹೀಗೇ ಇಟ್ಕೊಂಡಿರ್ತೀನಿ, ಬರೆಯೋವಾಗ ಈ ಕೈ, ಬರೀದೇ ಇರೋವಾಗ ಈ ಕೈ, ನೋಯತ್ತೆ, ಆಮೇಲೆ ಬದಲಾಯಿಸ್ತೀನಿ. ದಿನಾನಾ. ಹೂಂ. ಅತ್ತೆ ಬಾಗಿಲಲ್ಲಿ ನಿಂತಿದ್ದಾರೆ, ಕೈಯಲ್ಲಿ ಅವಳ ನೀರಿನ ಬಾಟಲಿ, ಅವರಿಗೂ ಇದು ಗೊತ್ತಿರಲಿಲ್ಲ, ಅವರ ಮುಖ ನೋಡಿದರೆ ತಿಳಿಯುತ್ತದೆ, ಬಾಟಲಿಯ ಮುಚ್ಚಿದ ಮುಚ್ಚಳವನ್ನೇ ಮತ್ತೆ ಮತ್ತೆ ಬಿಗಿ ಮಾಡುತ್ತಿದ್ದಾರೆ. ಫೋನು ಕೂಗುತ್ತಿದೆ. ಮೇಡಂ, ಏನ್ ಮಾಡೋಣ, ಗುರುವಾರ ಇಟ್ಕೊಳ್ಳೋಣ್ವಾ. ತೊಡೆಯ ಮೇಲೆ ಅವಳ ಭಾರ, ಬೆರಳು ತೆಗೆದಿಲ್ಲ, ನಾನು ತೆಗಿ ಎಂದೆ, ಒಂದು ಸಲ ಆ ಹೆಬ್ಬೆರಳನ್ನು ತೆಗೆದವಳು ನಾನು, ಎಷ್ಟು ಚೆಂದಾಗಿ ತೆಗೆದಿದ್ದೆ, ಗುರುತೂ ಉಳಿಯದ ಹಾಗೆ. ಹಲೋ, ಮೇಡಂ, ಕೇಳಿಸ್ತಿದ್ಯಾ. ಬರ್ತೀವಿ, ಎನ್ನುತ್ತೇನೆ. ಗುರುವಾರ ಬರ್ತೀವಿ. ಸರಿ ಮೇಡಂ, ಬೆಳಗ್ಗೆಯಿಂದ ಏನೂ ಕೊಡ್ಬೇಡಿ, ನೀರೂ ಬೇಡ, ಎನ್ನುತ್ತಿದ್ದಾಳೆ ಅವಳು, ಇನ್ನೂ ಏನೋ ಎನ್ನುತ್ತಿದ್ದಾಳೆ, ಕೇಳಿಸುತ್ತಿಲ್ಲ, ಹೇಳಿಯಾಯಿತಲ್ಲ ಬಟಾಣಿ, ಇನ್ನಾದರೂ ಕೈ ಇಳಿಸು, ಇಳಿಸುತ್ತಿಲ್ಲ, ಪರದೆಯನ್ನೇ ನೋಡುತ್ತಿದ್ದಾಳೆ, ಒತ್ತಿ ಒತ್ತಿ ಬಿಳಿಚಿದ ತುದಿ, ಉಗುರಿನ ಸಂದಿಯಲ್ಲಿ ನೀಲಿ ಮೇಣ, ರೆಪ್ಪೆಯ ಮೇಲೆ ಬೆರಳು, ರೆಪ್ಪೆಯ ಮೇಲೆ ಬೆರಳು, ಬೆರಳು —