ನಡುವಿನ ಚೆಂಡು

ಕೆಂಪಿನಲ್ಲಿ ಎಷ್ಟು ಬಗೆ ಇದೆ ಅಂತ ನನ್ನನ್ನು ಕೇಳಿ. ಕುಂಕುಮದ ಕೆಂಪು, ದಾಳಿಂಬೆ ಕೆಂಪು, ಇಟ್ಟಿಗೆ ಕೆಂಪು, ಮೆಣಸಿನಕಾಯಿ ಒಣಗುವ ಮೊದಲಿನದೊಂದು, ಒಣಗಿದ ಮೇಲಿನದೊಂದು. ಸೀರೆಗೆ ಕುಚ್ಚು ಕಟ್ಟುವುದು ನನ್ನ ಕೆಲಸ. ಕೃಷ್ಣಮೂರ್ತಿಪುರಂನಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಸೀರೆಗಳು ನಮ್ಮ ಮುಂದಿನ ಕೋಣೆಗೆ ಬರುತ್ತವೆ. ಸೆರಗಿನ ಬಣ್ಣಕ್ಕೆ ದಾರ ಹೊಂದಿಸುವುದರಲ್ಲಿ ಗಾರ್ಗಿಯ ಕಣ್ಣು ತಪ್ಪಲ್ಲ ಅಂತ ಜನ ಹೇಳುತ್ತಾರೆ, ನಾನೂ ಹೇಳಿಕೊಳ್ಳುತ್ತೇನೆ. ಇಷ್ಟು ಜಂಬ ಕೊಚ್ಚುವವಳು ಈ ದಸರೆಯಲ್ಲಿ ಕೆಂಪಿಗೇ ಮೋಸಹೋದೆ. ಅದನ್ನು ಹಿಡಿದವನು ಕಣ್ಣು ಕಾಣದ ನಮ್ಮಣ್ಣ.

ಅಣ್ಣ ವಾಗೀಶ ನನಗಿಂತ ಐದು ವರ್ಷ ದೊಡ್ಡವನು. ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುತ್ತಿದ್ದ. ಕಣ್ಣಿನೊಳಗೆ ಒತ್ತಡ ಏರಿ ನರ ಒಣಗುತ್ತಾ ಬಂದದ್ದು ಡಾಕ್ಟರಿಗೆ ತಿಳಿಯುವಷ್ಟರಲ್ಲಿ ಕೈ ಮೀರಿತ್ತು. ಈಗ ಅವನಿಗೆ ಬೆಳಕು, ಕತ್ತಲೆ ಅಷ್ಟೇ ಗೊತ್ತಾಗುತ್ತದೆ. ಹೋದ ವರ್ಷದ ಯುಗಾದಿಯಿಂದ ಗೇಟು ದಾಟಿಲ್ಲ. ಕರೆದರೆ "ಆಮೇಲೆ ನೋಡೋಣ" ಅನ್ನುತ್ತಾನೆ. ಆ ಆಮೇಲೆ ಬರುವುದೇ ಇಲ್ಲ.

ನವರಾತ್ರಿಯ ಮೊದಲನೇ ದಿನ ಅವನು ಫೋನಿನಲ್ಲಿ ಯಾರಿಗೋ "ದಶಮಿ ಕಳೆದ ಮಾರನೇ ದಿನ ಬನ್ನಿ, ತಗೊಂಡು ಹೋಗಿ" ಅನ್ನುವುದು ಕೇಳಿಸಿತು. ಅಭಿರಾಮ್ ಅಂತ ಒಬ್ಬರಿದ್ದಾರೆ, ಹಳೆಯ ವಿಡಿಯೋ ಗೇಮ್ ಸೆಟ್ಟುಗಳನ್ನು ಒಟ್ಟುಹಾಕುವವರು. ಅವರಿಗೆ ಅಣ್ಣ ತನ್ನ ಕಪ್ಪು ಸೆಟ್ಟನ್ನು ಕೊಟ್ಟುಬಿಡುವವನಿದ್ದ. ತೊಂಬತ್ತಾರರಲ್ಲಿ ಅಪ್ಪನನ್ನು ಕಾಡಿ ಕಾಡಿ ತೆಗೆಸಿಕೊಂಡಿದ್ದ ಸೆಟ್ಟು ಅದು. ಅದರಲ್ಲಿ ಒಂದು ಟೆನಿಸ್ ಕ್ಯಾಸೆಟ್ ಇತ್ತು. ನಾನು ಏಳನೇ ಕ್ಲಾಸಿನಿಂದ ಮೊದಲುಗೊಂಡು ಅವನ ಕಣ್ಣು ಮಂಜಾಗುವವರೆಗೂ ಅದರಲ್ಲಿ ಅವನ ಕೈಲಿ ಸೋತಿದ್ದೇನೆ.

"ಆಟಕ್ಕೆ ಕಣ್ಣು ಬೇಕು ಕಣೇ. ಇಲ್ಲಿ ಧೂಳು ತಿನ್ನೋ ಬದಲು ಆಡೋರ ಮನೇಲಿರಲಿ" ಅಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ಡಬ್ಬ ಹೋಗುತ್ತದೆ ಅಂತಲ್ಲ. ಇವನಿಗೆ ಉಳಿದಿದ್ದ ಹುಚ್ಚು ಅದೊಂದೇ. ಅದೂ ಹೋದರೆ ಊಟ, ನಿದ್ದೆ, ರೇಡಿಯೋ ಅಷ್ಟೇ ಆಗಿ ಕೂತುಬಿಡುತ್ತಾನೆ, ಆಮೇಲೆ ನಾನಾಗಲಿ ಅಮ್ಮನಾಗಲಿ ಎಷ್ಟು ಎಳೆದರೂ ಏಳುವುದಿಲ್ಲ ಅಂತ ನನಗೆ ಭಯವಾಯಿತು.

ಕೊಡುವುದಕ್ಕೆ ಮುಂಚೆ ಒರೆಸಿಡೋಣ ಅಂತ ಸೆಟ್ಟನ್ನು ಕೆಳಗಿಳಿಸಿದೆ. ಮುಂಭಾಗದಲ್ಲಿ ಒಂದು ಪುಟ್ಟ ತೂತು. ಇಷ್ಟು ವರ್ಷ ನೋಡಿದ್ದೇನೆ, ಯಾತಕ್ಕೆ ಅಂತ ಕೇಳಿರಲಿಲ್ಲ.

"ಹೆಡ್‌ಫೋನಿಗೆ" ಅಂದ ಅಣ್ಣ. "ನಮ್ಮ ಹತ್ರ ಯಾವತ್ತಿತ್ತು ಹೆಡ್‌ಫೋನು?"

ಫೋನಿನ ಇಯರ್‌ಫೋನ್ ತಂದು ಚುಚ್ಚಿ, ಟೆನಿಸ್ ಕ್ಯಾಸೆಟ್ ಹಾಕಿದೆ. ಕೇಳಿ ಬೆಚ್ಚಿಬಿದ್ದೆ. ಚೆಂಡು ಎಡಗಡೆ ಪುಟಿದರೆ ಎಡಗಿವಿಯಲ್ಲಿ ಟಕ್ ಅನ್ನುತ್ತದೆ, ಬಲಗಡೆ ಪುಟಿದರೆ ಬಲಗಿವಿಯಲ್ಲಿ, ನಡುವೆ ಪುಟಿದರೆ ಎರಡರಲ್ಲೂ. ನಮ್ಮ ಡಬ್ಬಾ ಟಿವಿಗಿದ್ದದ್ದು ಒಂದೇ ಸ್ಪೀಕರು, ಹಿಂದಿನ ವೈರಿನಲ್ಲಿ ಎಲ್ಲ ಸದ್ದೂ ಬೆರೆತು ಅದಕ್ಕೇ ಹೋಗುತ್ತಿತ್ತು. ಇಷ್ಟು ವರ್ಷ ನಾವು ಆ ಆಟವನ್ನು ಒಂಟಿ ಕಿವಿಯಲ್ಲಿ ಆಡಿದ್ದೆವು. ಕಣ್ಣಿಲ್ಲದೆ ಆಡಬಹುದಲ್ಲ ಇದನ್ನ!

ಇಯರ್‌ಫೋನನ್ನು ಅವನ ಕಿವಿಗೆ ಹಿಡಿದೆ. ಎರಡು ಸಲ ಟಕ್ ಅನ್ನುವಷ್ಟರಲ್ಲಿ ಕಿತ್ತು ಕೊಟ್ಟ.

"ಕಿವಿಗೆ ಏನೂ ಮುಚ್ಚಬೇಡ. ಮನೇಲಿ ಯಾರು ಎಲ್ಲಿದಾರೆ ಅಂತ ನನಗೆ ತಿಳಿಯೋದೇ ಇದರಿಂದ" ಅಂದ. ಸರಿ ತಾನೆ, ಅವನ ಕಣ್ಣನ್ನೇ ಮುಚ್ಚಿದ ಹಾಗಾಯಿತು. ಹಾಗಾದರೆ ಸ್ಪೀಕರೇ ಆಗಬೇಕು, ಎಡಕ್ಕೊಂದು, ಬಲಕ್ಕೊಂದು. ದಶಮಿಯ ದಿನ ಒಂದೇ ಒಂದು ಸಲ ಆಡಿ ನೋಡು, ಆಮೇಲೆ ಯಾರಿಗೆ ಬೇಕಾದರೂ ಕೊಡು ಅಂತ ಅವನ ಕೈಲಿ ಮಾತು ತೆಗೆದುಕೊಂಡೆ.

ನನ್ನ ಹತ್ತಿರ ಇದ್ದದ್ದು ಎರಡೂವರೆ ಸಾವಿರ. ಅಷ್ಟಮಿಯ ದಿನ ಸೆಟ್ಟನ್ನು ತರಕಾರಿ ಚೀಲಕ್ಕೆ ಹಾಕಿಕೊಂಡು ಒಂದು ದೊಡ್ಡ ಶೋರೂಮಿಗೆ ಹೋದೆ. ಅಲ್ಲಿ ಸಿಂಚನ ಅನ್ನುವ ಹುಡುಗಿ ಬಂದು "ಯಾತಕ್ಕೆ ಮೇಡಂ, ಸಿನಿಮಾಗಾ, ಹಾಡಿಗಾ?" ಅಂದಳು. "ಕಣ್ಣು ಮುಚ್ಚಿಕೊಂಡು ಟೆನಿಸ್ ಆಡೋದಕ್ಕೆ" ಅಂದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು, ಆಮೇಲೆ ನಗುತ್ತಾ ಚೀಲದಿಂದ ಸೆಟ್ಟು ತೆಗೆದು, ಹೆಡ್‌ಫೋನಿನ ತೂತಿಗೆ ವೈರು ಚುಚ್ಚಿ ತಾನೇ ಜೋಡಿಸಿದಳು. ಟಿವಿ ಕೆಳಗಿಡುವ ಉದ್ದನೆಯ ಸೌಂಡ್‌ಬಾರಿನಲ್ಲಿ ಕಣ್ಣು ಮುಚ್ಚಿ ಕೇಳಿದರೆ ಎಡ ಬಲ ಎರಡೂ ಒಂದೇ ಗಂಟಲಿನಿಂದ ಬಂದವು. ಇನ್ನೊಂದರಲ್ಲಿ ಚೆಂಡಿನ ಸದ್ದಿಗೇ ಎದೆ ಗುದ್ದಿದಂತಾಯಿತು. ಬ್ಲೂಟೂತ್‌ನದು ತೋರಿಸಿ ಅಂದರೆ ಸಿಂಚನಳೇ ಬೇಡ ಅಂದಳು. "ನನ್ನ ಫೋನಲ್ಲಿ ಗೇಮ್ ಆಡುವಾಗ ಗುಂಡು ಹಾರಿದ ಮೇಲೆ ಸದ್ದು ಬರುತ್ತೆ ಮೇಡಂ. ನಿಮ್ಮಣ್ಣ ಬ್ಯಾಟ್ ಬೀಸೋ ಹೊತ್ತಿಗೆ ಚೆಂಡು ಹೋಗಿರುತ್ತೆ. ನಿಮಗೆ ವೈರಿನದೇ ಸರಿ. ಮಂಡಿ ಮೊಹಲ್ಲಾದಲ್ಲಿ ಮಹದೇವಯ್ಯನೋರನ್ನ ಕೇಳಿ" ಅಂದಳು. ಗಿರಾಕಿಯನ್ನು ಬೇರೆ ಅಂಗಡಿಗೆ ಕಳಿಸುವ ಇಂಥ ಹುಡುಗಿಯನ್ನು ನಾನು ನೋಡಿರಲಿಲ್ಲ.

ಮಹದೇವಯ್ಯನವರಿಗೆ ಎಪ್ಪತ್ತು ದಾಟಿರಬಹುದು. ಸಗಟು ಅಂಗಡಿಗಳ ಸಾಲಿನ ಹಿಂದೆ ಒಂದು ಕಿರಿದಾದ ಕೋಣೆಯಲ್ಲಿ ಹಳೆಯ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡುತ್ತಾರೆ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಬೆಲೆ ಗಿಲೆ ಏನೂ ಮಾತಾಡದೆ ಒಂದು ಸ್ಟೂಲು ತೋರಿಸಿದರು.

"ಕೂತ್ಕಂಡು ಕಣ್ಣು ಮುಚ್ಕೊಬುಡಿ ಕಣಮ್ಮ. ಸದ್ದು ಎಲ್ಲಿಂದ ಬತ್ತದೆ, ಅಲ್ಲಿಗೆ ಕೈ ತೋರ್ಸಿ."

ಮೂರು ಜೊತೆ ಸ್ಪೀಕರು ಬದಲಾಯಿಸಿದರು. ಮೊದಲನೆಯ ಎರಡು ಜೊತೆಯಲ್ಲಿ ಎಡ ಬಲಕ್ಕೆ ಸರಿಯಾಗಿಯೇ ಕೈ ತೋರಿಸಿದೆ, ನಡುವಿನದಕ್ಕೆ ತಡವರಿಸಿದೆ. ಮೂರನೆಯದರಲ್ಲಿ ನಡುವಿನ ಚೆಂಡು ನನ್ನ ಮೂಗಿನ ನೇರಕ್ಕೆ ಟಕ್ ಅಂದಿತು. ಕಣ್ಣು ಬಿಟ್ಟೆ. ಅಲ್ಲಿ ಪೆಟ್ಟಿಗೆಯೇ ಇರಲಿಲ್ಲ. ಎಡ ಬಲಕ್ಕೆ ಎರಡು ಕಂದು ಮರದ ಪೆಟ್ಟಿಗೆ, ನಡುವೆ ಖಾಲಿ ಗೋಡೆ.

"ಅಲ್ಲಿ ಏನೂ ಇಲ್ಲವಲ್ಲ ಸಾರ್?"

"ಎರಡೂ ಒಂದೇ ಕಿತ ಒಂದೇ ಮಾತು ಅಂದ್ರೆ ಮಧ್ಯದಲ್ಲಿ ಕೇಳ್ತದೆ. ಅಂಗೇ ಅದು. ಎರಡ್ರ ನಡುವೆ ಎಷ್ಟು ದೂರಾನೋ ಅಷ್ಟೇ ದೂರ ಕೂತ್ಕಳಿ, ಕಿವಿ ಎತ್ತರಕ್ಕಿಡಿ" ಅಂದರು ಮಹದೇವಯ್ಯ. ಪುಟ್ಟ ಆಂಪ್ಲಿಫೈಯರ್ ಸೇರಿಸಿ ಎರಡು ಸಾವಿರದ ಇನ್ನೂರು. ವೈರಿನ ಸುರುಳಿ ಕೈಗೆ ಕೊಟ್ಟು, ಪೆಟ್ಟಿಗೆಯ ಬೆನ್ನಿನಲ್ಲಿ ವೈರು ಕಚ್ಚಿ ಹಿಡಿಯುವ ಎರಡು ಕ್ಲಿಪ್ಪು ತೋರಿಸುತ್ತಾ, "ಕೆಂಪು ವೈರು ಕೆಂಪು ಕ್ಲಿಪ್ಪಿಗೆ, ಕರಿದು ಕರಿದಕ್ಕೆ. ಮರೀಬೇಡಿ" ಅಂದರು.

"ಬಣ್ಣದ ವಿಷಯ ನನಗೆ ಹೇಳಬೇಡಿ" ಅಂದೆ. ಎಷ್ಟು ಸೊಕ್ಕು ನೋಡಿ ನನಗೆ.

ಮಾರನೇ ದಿನ ಆಯುಧಪೂಜೆ. ನಮ್ಮಮ್ಮ ಅಂಬುಜಾ ಅವತ್ತು ಯಾವುದನ್ನೂ ಬಿಡುವವರಲ್ಲ. ಮಿಕ್ಸಿ, ಸ್ಕೂಟರು, ನನ್ನ ಕತ್ತರಿ, ಕ್ರೋಶಾ ಕಡ್ಡಿ, ಗ್ಯಾಸ್ ಒಲೆಯ ಲೈಟರು, ಎಲ್ಲಕ್ಕೂ ಗಂಧ ಕುಂಕುಮ ಬೀಳಲೇಬೇಕು. ಬೆರಳು ತುಂಬ ಒದ್ದೆ ಕುಂಕುಮ ಹಿಡಿದು ಹೊಸ ಸ್ಪೀಕರುಗಳ ಹತ್ತಿರ ಬಂದರು. ನಾನು ಕೋಣೆಯ ಆಚೆ ಕಡೆಯಿಂದಲೇ ಗದರಿದೆ.

"ಅಮ್ಮಾ, ಮುಂದೆ ಬಟ್ಟೆ ಇದೆ, ಕಲೆಯಾಗತ್ತೆ. ಹಿಂದೆ ಎಲ್ಲಾದರೂ ಇಡು!"

"ದೇವರಿಗೆ ಬೆನ್ನಿಗೆ ಕುಂಕುಮ ಇಡ್ತಾರೇನೇ" ಅಂತ ಗೊಣಗುತ್ತಾ ಅಮ್ಮ ಪೆಟ್ಟಿಗೆಗಳ ಹಿಂದೆ ಕೈ ಹಾಕಿದರು. ಪೂಜೆಯಾದ ಸಾಮಾನನ್ನು ಅವತ್ತು ಬಳಸುವ ಹಾಗಿಲ್ಲವಲ್ಲ. ಇನ್ನೊಂದು ದಿನ ಕಾಯಬೇಕಾಯಿತು.

ದಶಮಿಯ ಮಧ್ಯಾಹ್ನ ಬೀದಿಯವರೆಲ್ಲ ಮೆರವಣಿಗೆ ನೋಡಲು ಹೋಗಿದ್ದರು. ನಾನು ಶೆಲ್ಫಿನ ಹಿಂದೆ ತೂರಿಕೊಂಡು, ಫೋನಿನ ಬೆಳಕಿನಲ್ಲಿ ವೈರು ಸಿಕ್ಕಿಸಿದೆ. ಕೆಂಪು ಕೆಂಪಿಗೆ, ಕರಿದು ಕರಿದಕ್ಕೆ. ಅಣ್ಣನನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿ ಕೈಗೆ ಕಂಟ್ರೋಲರ್ ಕೊಟ್ಟೆ.

ಎಡಗಡೆ ಟಕ್. ಅಣ್ಣ ಎಡಕ್ಕೆ ಹೋಗಿ ಬ್ಯಾಟ್ ಬೀಸಿದ, ಸಿಕ್ಕಿತು. ಬಲಗಡೆ ಟಕ್. ಸಿಕ್ಕಿತು. ನನಗೆ ಕುಣಿಯಬೇಕು ಅನ್ನಿಸಿತು. ಆಮೇಲೆ ನಡುವೆ ಒಂದು ಬಂತು. ಅವನು ಕಲ್ಲಾಗಿ ಕೂತ, ಪಾಯಿಂಟು ಹೋಯಿತು. ಮತ್ತೆ ನಡುವೆ, ಮತ್ತೆ ಹೋಯಿತು. ಎದುರು ಆಡುತ್ತಿದ್ದ ಕಂಪ್ಯೂಟರಿನವನು ಇವನ ಗುಟ್ಟು ತಿಳಿದವನ ಹಾಗೆ ಎಲ್ಲವನ್ನೂ ನಡುವಿಗೇ ಹೊಡೆಯತೊಡಗಿದ.

"ಎಲ್ಲಿಂದ ಬರ್ತಿದೆ ಅಂತಲೇ ತಿಳೀತಿಲ್ಲ ಕಣೇ. ಕೋಣೆಯಲ್ಲೆಲ್ಲ ಇದೆ, ಎಲ್ಲೂ ಇಲ್ಲ" ಅಂದ. ಹಿನ್ನೆಲೆ ಸಂಗೀತವೂ ತಗಡು ಬಡಿದಂತೆ ಬಡಕಲಾಗಿತ್ತು. ಒಂದು ಗೇಮು ಪೂರ್ತಿ ಸೋತ. ಕಂಟ್ರೋಲರನ್ನು ಮೆಲ್ಲಗೆ ಕೆಳಗಿಟ್ಟು ಎದ್ದ. "ನೀನು ಇಷ್ಟು ಮಾಡಿದೆಯಲ್ಲ, ಸಾಕು. ನಾಳೆ ಅಭಿರಾಮ್ ಅವರು ಬರ್ತಾರೆ, ಕೊಟ್ಟುಬಿಡೋಣ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಹಾಗೆ ಸಮಾಧಾನವಾಗಿ ಹೇಳಿದ್ದನ್ನು ತಡೆಯಲಾಗಲಿಲ್ಲ. ಸಿಟ್ಟು ಮಹದೇವಯ್ಯನವರ ಮೇಲೆ ತಿರುಗಿತು. "ಟೋಪಿ ಹಾಕಿದಾರೆ ನನಗೆ. ಅಂಗಡಿಯಲ್ಲಿ ಒಂದು ತೋರಿಸಿ, ಚೀಲಕ್ಕೆ ಇನ್ನೊಂದು ತುಂಬಿದಾರೆ. ಇರು, ಈಗಲೇ ಹೋಗಿ ಮುಖಕ್ಕೆ ಎಸೆದು ಬರ್ತೀನಿ" ಅಂತ ಚಪ್ಪಲಿ ಹುಡುಕತೊಡಗಿದೆ.

ಬಾಗಿಲ ತನಕ ಹೋಗಿದ್ದ ಅಣ್ಣ ನಿಂತ.

"ಅಂಗಡಿಯಲ್ಲಿ ನಡುವಿನದು ಕೇಳಿಸಿತ್ತಾ ನಿನಗೆ?"

"ಮೂಗಿನ ನೇರಕ್ಕೆ ಕೇಳಿಸಿತ್ತು."

ಅವನು ವಾಪಸ್ಸು ಬಂದು ಕುರ್ಚಿಯಲ್ಲಿ ಕೂತ. "ಒಂದು ಸ್ಪೀಕರಿನ ವೈರು ಕಿತ್ತು ಹಾಕು, ನೋಡೋಣ" ಅಂದ. ಬಲಗಡೆಯದನ್ನು ಕಿತ್ತೆ. ಇದೊಳ್ಳೆ ವಿಚಿತ್ರ, ಸಂಗೀತ ಇದ್ದಕ್ಕಿದ್ದ ಹಾಗೆ ತುಂಬಿಕೊಂಡಿತು, ಅಡಿಯ ಗಂಭೀರ ಸದ್ದೆಲ್ಲ ವಾಪಸ್ಸು ಬಂತು. ಮತ್ತೆ ಸಿಕ್ಕಿಸಿದೆ, ಹೋಯಿತು. ಕಿತ್ತೆ, ಬಂತು.

"ಒಂದಿದ್ದರೆ ತುಂಬಿರತ್ತೆ, ಎರಡಾದರೆ ಖಾಲಿಯಾಗತ್ತೆ" ಅಂದ ಅಣ್ಣ. ಅವನ ಮುಖದಲ್ಲಿ ಏನೋ ಬಂದಿತ್ತು. ಕಾರ್ಖಾನೆಯಿಂದ ಯಾವುದೋ ಹೊಂದದ ಭಾಗವನ್ನು ಮನೆಗೆ ತಂದು ತಿರುವಿ ತಿರುವಿ ನೋಡುತ್ತಿದ್ದಾಗಿನ ಮುಖ ಅದು. ಎಷ್ಟು ದಿನವಾಗಿತ್ತೋ ನಾನು ಅದನ್ನು ನೋಡಿ.

"ಗಾರ್ಗಿ, ಒಂದು ಗಾಳೀನ ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೀತಿದೆ. ಎರಡಕ್ಕೂ ಸೇರಿದ ಸದ್ದು ನಡುವೆಯೇ ಕರಗಿಹೋಗ್ತಿದೆ. ಒಂದಕ್ಕೆ ವೈರು ತಿರುಗುಮುರುಗು ಹಾಕಿದೀಯ."

"ನಾನಾ? ಬಣ್ಣ ನೋಡಿಯೇ ಹಾಕಿದೀನಿ!"

"ಸರಿ, ಸರಿ" ಅನ್ನುತ್ತಾ ಅವನೇ ಮಂಡಿಯೂರಿ ಶೆಲ್ಫಿನ ಹಿಂದೆ ಕೈ ಹಾಕಿದ. ಒಂದು ಪೆಟ್ಟಿಗೆ ಸವರಿದ, ಇನ್ನೊಂದು ಸವರಿದ. ಎರಡನೆಯದರ ಹತ್ತಿರ ಬೆರಳು ನಿಂತಿತು. ಬೆರಳನ್ನು ಹೆಬ್ಬೆರಳಿಗೆ ತಿಕ್ಕಿ, ಮೂಗಿಗೆ ಹಿಡಿದು, ಜೋರಾಗಿ ನಕ್ಕ.

"ಅಮ್ಮಾ, ಕರೀ ಕ್ಲಿಪ್ಪಿಗೆ ಕುಂಕುಮ ಇಟ್ಟಿದೀಯಲ್ಲ!"

ಬಗ್ಗಿ ನೋಡಿದೆ. ಹೌದು. ಒಂದು ಪೆಟ್ಟಿಗೆಯಲ್ಲಿ ಬೊಟ್ಟು ಮರದ ಮೇಲೆ ಬಿದ್ದಿತ್ತು. ಇನ್ನೊಂದರಲ್ಲಿ ನೇರ ಕರೀ ಕ್ಲಿಪ್ಪಿನ ಮೇಲೆ ಮೆತ್ತಿಕೊಂಡು, ಒಣಗಿ ಫಳಫಳ ಅನ್ನುತ್ತಿತ್ತು. ಪಕ್ಕದ ಅಸಲಿ ಕೆಂಪು ಮಾಸಿ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ನಾನು ಮಹಾ ಜಾಣೆ, ಇದ್ದುದರಲ್ಲಿ ಒಳ್ಳೇ ಕೆಂಪನ್ನು ಆರಿಸಿ ವೈರು ಸಿಕ್ಕಿಸಿದ್ದೆ.

ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು, "ಹಿಂದೆ ಇಡು ಅಂತ ಗದರಿದವಳು ಇವಳೇ" ಅಂದರು. ನಾನು ಮನಸ್ಸಿನಲ್ಲೇ ಮಹದೇವಯ್ಯನವರ ಕಾಲಿಗೆ ಬಿದ್ದೆ. ಅಮ್ಮ ಒದ್ದೆ ಬಟ್ಟೆ ತಂದು ಒರೆಸಲು ಹೋದರೆ ಅಣ್ಣ ತಡೆದ. "ಕರೀದನ್ನ ಒರೆಸು. ಆದರೆ ಕೆಂಪು ಕ್ಲಿಪ್ಪುಗಳ ಮೇಲೆ ಒಂದೊಂದು ದಪ್ಪ ಗಂಧದ ಬೊಟ್ಟಿಡಮ್ಮ. ಒಣಗಿದರೆ ಬೆರಳಿಗೆ ಸಿಗತ್ತೆ. ಇನ್ನು ಮೇಲೆ ವೈರು ನಾನೇ ಹಾಕ್ತೀನಿ, ಇವಳ ಕಣ್ಣನ್ನ ನಂಬೋ ಹಾಗಿಲ್ಲ."

ಅವನೇ ವೈರು ಬದಲಾಯಿಸಿ ಕುರ್ಚಿಗೆ ಬಂದು ಕೂತ. ನಡುವೆ ಟಕ್. ಅವನ ತಲೆ ಎತ್ತಲೂ ಹೊರಳಲಿಲ್ಲ, ಬ್ಯಾಟ್ ಬೀಸಿದ, ಚೆಂಡು ವಾಪಸ್ಸು ಹೋಯಿತು. ಇನ್ನೊಂದೂ ಹೋಯಿತು. ಮೂರನೆಯದು ತಪ್ಪಿದಾಗ "ಥೂ" ಅಂದ, ಹಿಂದೆಲ್ಲ ಅನ್ನುತ್ತಿದ್ದನಲ್ಲ, ಥೇಟ್ ಹಾಗೆ.

ಸಂಜೆ ಅಭಿರಾಮ್ ಫೋನ್ ಮಾಡಿ ನಾಳೆ ಎಷ್ಟು ಹೊತ್ತಿಗೆ ಬರಲಿ ಅಂತ ಕೇಳಿದರು. "ಕ್ಷಮಿಸಿ, ಕೊಡಲ್ಲ. ಆದರೆ ಬನ್ನಿ, ಒಂದಾಟ ಆಡಿ ಹೋಗಿ" ಅಂದ ಅಣ್ಣ. ಫೋನಿಟ್ಟು ನನ್ನ ಕಡೆ ತಿರುಗಿದ. "ಕಂಪ್ಯೂಟರ್ ಜೊತೆ ಬೇಜಾರು. ಇನ್ನೊಂದು ಕಂಟ್ರೋಲರ್ ತಗೋ. ಟಿವಿ ಪರದೆಗೆ ಟವೆಲ್ ಹಾಕು, ಸರಿಸಮ ಆಡೋಣ."

ಪರದೆಗೆ ಟವೆಲ್ ಹೊದಿಸಿ ಅವನ ಪಕ್ಕ ಕೂತೆ. ಸರಿಸಮವಂತೆ! ನನಗೆ ಚೆಂಡು ಎಲ್ಲಿದೆ ಅಂತ ತಿಳಿಯುವಷ್ಟರಲ್ಲಿ ಪಾಯಿಂಟು ಹೋಗಿರುತ್ತಿತ್ತು. ಮೊದಲನೇ ಗೇಮು ಸೋತೆ, ಎರಡನೆಯದೂ ಸೋತೆ. ಮೂರನೆಯದರ ನಡುವೆ ನನಗೆ ಅಳು ಬಂದುಬಿಟ್ಟಿತು. ಅವನಿಗೆ ಕಾಣುವುದಿಲ್ಲವಲ್ಲ ಅಂತ ಧೈರ್ಯವಾಗಿ, ಸದ್ದಿಲ್ಲದೆ, ಕೆನ್ನೆ ಒರೆಸಿಕೊಳ್ಳದೆ ಅಳುತ್ತಲೇ ಆಡಿದೆ.

"ಗಾರ್ಗಿ, ಮೂಗೆಳೀಬೇಡ ಕಣೇ" ಅಂದ ಅಣ್ಣ. "ಚೆಂಡು ಕೇಳಿಸ್ತಾ ಇಲ್ಲ."