‘ಹಳೆಯದು’ ಎಂಬ ಫೋಲ್ಡರು

ಆಫೀಸಿನಲ್ಲಿ ಆಕೆಯ ಸ್ವಂತ ಹೆಸರಿಗಿಂತ ‘ಬೀಗಮ್ಮ’ ಎಂಬ ಅಡ್ಡಹೆಸರೇ ಹೆಚ್ಚು ಚಲಾವಣೆಯಲ್ಲಿತ್ತು. ಊರಿನ ಪ್ರತಿ ಶಾಖಾ ಗ್ರಂಥಾಲಯಕ್ಕೂ ಒಂದು ಸರ್ವರ್. ಹಿಂಬದಿಯ ಯಾವುದೋ ಕೋಣೆಯಲ್ಲಿ, ಕಾಲು ಮುರಿದ ಕುರ್ಚಿಗಳ ನಡುವೆ, ಗುಂಯ್ ಎನ್ನುತ್ತ ಕೂತಿರುವ ಪೆಟ್ಟಿಗೆ. ಮುಖ್ಯ ಕಚೇರಿಯ ತನ್ನ ಮೇಜಿನಿಂದಲೇ ಬೀಗಮ್ಮ ಒಂದೊಂದಕ್ಕೂ ಲಾಗಿನ್ ಆಗಿ, ಹೊಸ ಸಾಫ್ಟ್‌ವೇರ್ ಹಾಕಿ, ಬೇಡದ ಫೈಲುಗಳನ್ನು ಗುಡಿಸಿ, ಮತ್ತೆ ಚಾಲೂ ಮಾಡಿ ಹೊರಬರುತ್ತಿದ್ದಳು. ಪಾಸ್‌ವರ್ಡುಗಳೆಲ್ಲ ಆಕೆಯೊಬ್ಬಳ ತಲೆಯಲ್ಲಿ, ಬೀಗ ಹಾಕಿಟ್ಟಂತೆ. ಯಾರಾದರೂ ಕೈ ಜೋಡಿಸಲು ಬಂದರೆ, ತಾನೇ ನೋಡಿಕೊಳ್ಳುತ್ತೇನೆ ಎಂದು ಸಾಗಹಾಕಿಬಿಡುವಳು.

ನಿಜವಾಗಿ ಕೈ ಜೋಡಿಸಬೇಕಾದವನು ಪಕ್ಕದ ಮೇಜಿನ ಗೊಣಗಪ್ಪ. ಫ್ಯಾನು ತಿರುಗಿದರೆ ಗಾಳಿ ಜಾಸ್ತಿ, ನಿಂತರೆ ಸೆಕೆ ಎಂದು ಗೊಣಗುವ ಮನುಷ್ಯ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಶಾಖೆಯ ಸರ್ವರ್ ನಿಲ್ಲಿಸಲು ಹೋಗಿ ಇನ್ನೊಂದು ಶಾಖೆಯದನ್ನು ನಿಲ್ಲಿಸಿ, ಪುಸ್ತಕ ಹಿಡಿದ ಓದುಗರನ್ನು ಸಾಲಾಗಿ ನಿಲ್ಲಿಸಿದ್ದ. ಆ ಮೇಲೆ ಬೀಗಮ್ಮ ಅವನನ್ನು ಸರ್ವರುಗಳ ಹತ್ತಿರ ಸುಳಿಯಗೊಡಲಿಲ್ಲ.

ಹೀಗಿರುವಾಗ ಆಕೆಗೆ ಸ್ಕ್ರೀನಿನ ಮೇಲಿನ ಸಾಲುಗಳು ನಡುವೆ ಸೊಟ್ಟಗಾಗಿ ಕಾಣತೊಡಗಿದವು. ಬಲಗಣ್ಣಿನ ಒಳಪದರದಲ್ಲಿ ಸಣ್ಣ ತೂತು ಬಿದ್ದಿದೆ ಎಂದರು ಡಾಕ್ಟರು. ಆಪರೇಷನ್ ಆದ ಮೇಲೆ ಸ್ವಲ್ಪ ದಿನ ಮುಖ ಕೆಳಗೆ ಮಾಡಿ ಮಲಗಬೇಕು, ಕಂಪ್ಯೂಟರಿನ ಸುದ್ದಿಗೇ ಹೋಗಬಾರದು ಎಂದು ಕಟ್ಟುನಿಟ್ಟಾಗಿ ಹೇಳಿದರು.

ಬೀಗಮ್ಮನಿಗೆ ಕಣ್ಣಿಗಿಂತ ಸರ್ವರುಗಳದೇ ಚಿಂತೆ ಹತ್ತಿತು. ಆಗ ನೆನಪಾದದ್ದು ಸೋಮಾರಿಗಳ ಆಟಿಕೆ ಎಂದು ತಾನೇ ಮೂಗು ಮುರಿದಿದ್ದ ಒಂದು ಟೂಲ್‌ಕಿಟ್. ಮಾಡಬೇಕಾದ ಕೆಲಸವನ್ನು ಒಂದು ಸಲ ಪ್ರೋಗ್ರಾಂ ಆಗಿ ಬರೆದುಕೊಟ್ಟರೆ ಸಾಕು, ಅದೇ ಎಲ್ಲ ಸರ್ವರುಗಳಿಗೂ ಹೋಗಿ ಅಷ್ಟನ್ನೂ ಚಾಚೂ ತಪ್ಪದೆ ಮಾಡಿ ಬರುತ್ತದೆ. ಬಲಗಣ್ಣು ಮುಚ್ಚಿಕೊಂಡು, ಎಡಗಣ್ಣಿನಲ್ಲೇ ಬೀಗಮ್ಮ ಬರೆಯಲು ಕೂತಳು. ಬರೆಯುತ್ತ ಹೋದಂತೆ, ಇಷ್ಟು ವರ್ಷ ಬೆರಳು ಸವೆಸಿದ್ದು ಇಷ್ಟಕ್ಕೇನಾ ಅನ್ನಿಸಿ ನಗು ಬಂತು. ಪಾಸ್‌ವರ್ಡುಗಳನ್ನು ಯಾರಿಗೂ ಓದಲಾಗದಂತೆ ಅದರೊಳಗೇ ಅಡಗಿಸಿ, ಆಸ್ಪತ್ರೆಗೆ ಹೊರಡುವ ಮುನ್ನ ಅದನ್ನು ಗೊಣಗಪ್ಪನಿಗೆ ಒಪ್ಪಿಸಿ, ವಾರಕ್ಕೊಮ್ಮೆ ಓಡಿಸಿದರೆ ಸಾಕು, ಬೇರೇನನ್ನೂ ಮುಟ್ಟಬಾರದು ಎಂದು ತಾಕೀತು ಮಾಡಿದಳು. ಗುಂಡಿ ಒತ್ತುವುದಕ್ಕೂ ಒಬ್ಬ ಮನುಷ್ಯ ಬೇಕೇ ಎಂದು ಅವನು ಗೊಣಗಿದ.

ಆಪರೇಷನ್ ಸಲೀಸಾಗಿ ಆಯಿತು. ಮನೆಯಲ್ಲಿ ನಾದಿನಿ ಬಂದು ನಿಂತಿದ್ದಳು. ಹಾಸಿಗೆಯಲ್ಲಿ ಬೋರಲು ಮಲಗಿ ನೆಲದ ಟೈಲ್ಸಿನ ಗೆರೆ ನೋಡುತ್ತಿದ್ದ ಬೀಗಮ್ಮನ ಕಿವಿಗೆ ಒಂದು ಬೆಳಿಗ್ಗೆ ಅವಳು ಫೋನು ತಂದು ಹಿಡಿದಳು. ಆ ಕಡೆ ಗೊಣಗಪ್ಪ.

“ಮೇಡಂ, ನಿಮ್ಮ ಪ್ರೋಗ್ರಾಂ ಇನ್ನೂ ಓಡಿಸಿಲ್ಲ.”

ಬೀಗಮ್ಮನಿಗೆ ಮೈಯೆಲ್ಲ ಉರಿಯಿತು. ಒತ್ತು ಎಂದರೆ ಒತ್ತಲೂ ಬಾರದೇ ಈ ಮನುಷ್ಯನಿಗೆ? ಯಾಕೆ ಎಂದಷ್ಟೇ ಕೇಳಿದಳು.

“ಒಂದ್ಸಲ ಕೈ ಸುಟ್ಕೊಂಡೋನು ನಾನು. ಅದಕ್ಕೇ ಮೊದಲು ಏನೂ ಅಳಿಸದೆ, ಎಲ್ಲಾ ಕಡೆ ಹೋಗಿ ಬರೀ ನೋಡ್ಕೊಂಡು ಬಾ ಅಂತ ಓಡಿಸ್ದೆ. ಕೆರೆ ಪಕ್ಕದ ಶಾಖೇಲಿ ‘ಹಳೆಯದು’ ಅಂತ ಒಂದು ಫೋಲ್ಡರ್ ಇದೆಯಲ್ಲ, ಅದನ್ನ ಅಳಿಸಿಬಿಡುತ್ತೆ ಇದು. ಅದರಲ್ಲಿರೋದು ಕಥೆಗಳು ಮೇಡಂ. ಆ ಬೀದಿಯ ಅಜ್ಜ ಅಜ್ಜಿಯರು ಮಕ್ಕಳಿಗೆ ಹೇಳಿದ್ದು, ರೆಕಾರ್ಡ್ ಮಾಡಿಟ್ಟಿದ್ದಾರೆ. ಬೇರೆ ಕಡೆ ಎಲ್ಲೂ ಕಾಪಿ ಇಲ್ವಂತೆ, ಅಲ್ಲಿಯವರನ್ನ ಕೇಳ್ದೆ.”

ಆ ಫೋಲ್ಡರು ಬೀಗಮ್ಮನಿಗೆ ಗೊತ್ತಿಲ್ಲದ್ದೇನಲ್ಲ. ಅದನ್ನು ಅಳಿಸಬೇಡಿ ಎಂದು ಅಲ್ಲಿನ ಗ್ರಂಥಪಾಲಕಿ ಎಂದೋ ಹೇಳಿದ್ದಳು. ಪ್ರತಿ ಸಲ ಆ ಶಾಖೆಯ ಫೈಲು ಗುಡಿಸುವಾಗ ಬೆರಳು ತಾನಾಗಿ ಅದನ್ನು ದಾಟಿ ಮುಂದೆ ಹೋಗುತ್ತಿತ್ತು. ಕೈಗೆ ಅಷ್ಟು ರೂಢಿಯಾಗಿದ್ದದ್ದು ಬರೆಯುವಾಗ ತಲೆಗೆ ಹೊಳೆಯಲೇ ಇಲ್ಲ.

“ಓಡಿಸದೆ ಇದ್ದಿದ್ದು ಒಳ್ಳೇದಾಯ್ತು,” ಎಂದಳು ಕೊನೆಗೆ. “ಈಗೇನು ಮಾಡೋಣ ಅಂತೀರಿ?”

ಆಕೆ ತನ್ನನ್ನು ಹಾಗೆ ಕೇಳಿದ್ದು ಅವನಿಗೆ ಹೊಸದು. ಸ್ವಲ್ಪ ತಡವರಿಸಿ, ಆ ಫೋಲ್ಡರನ್ನು ಬಿಟ್ಟು ಮುಂದೆ ಹೋಗುವಂತೆ ಒಂದು ಸಾಲು, ಎಲ್ಲಿಯೇ ಆಗಲಿ ಅಳಿಸುವ ಮುಂಚೆ ಏನು ಅಳಿಸುತ್ತಿದ್ದೇನೆಂದು ತೋರಿಸಿ ಕೇಳುವಂತೆ ಇನ್ನೊಂದು ಸಾಲು ಸೇರಿಸೋಣ ಎಂದ. ಅದಕ್ಕೂ ಮೊದಲು ಕಥೆಗಳ ಕಾಪಿಯೊಂದನ್ನು ಮುಖ್ಯ ಕಚೇರಿಗೆ ತಂದಿಟ್ಟುಕೊಳ್ಳಬೇಕು, ಆದರೆ ಅದಕ್ಕೆ ಆ ಸರ್ವರಿನ ಪಾಸ್‌ವರ್ಡ್ ಬೇಕು ಎಂದೂ ಹೇಳಿದ.

ಬೀಗಮ್ಮ ದಿಂಬಿಗೆ ಮುಖ ಒತ್ತಿದಳು. ಕೊಡಲು ಮನಸ್ಸಿಲ್ಲದೆ ಅಲ್ಲ. ಬಾಯಿಬಿಟ್ಟು ಹೇಳುವಂಥದ್ದಾಗಿರಲಿಲ್ಲ ಅದು.

“ಬರ್ಕೊಳ್ಳಿ. ‘ಗೊಣಗಬೇಡ’. ಇಂಗ್ಲಿಷ್ ಅಕ್ಷರದಲ್ಲಿ, ಎಲ್ಲಾ ಸೇರಿಸಿ.”

ಫೋನು ಹಿಡಿದಿದ್ದ ನಾದಿನಿ ಸೆರಗು ಬಾಯಿಗೆ ತುರುಕಿಕೊಂಡಳು. ಆ ಕಡೆ ಗೊಣಗಪ್ಪ ನಗುವುದು ಕೇಳಿಸಿತು. ಪಕ್ಕದ ಮೇಜಿನಲ್ಲೇ ಇದ್ದರೂ ಆ ನಗು ಹೇಗಿರುತ್ತದೆಂದು ಬೀಗಮ್ಮನಿಗೆ ಗೊತ್ತಿರಲಿಲ್ಲ.

ಕಾಪಿ ಬಂತು. ಸರಿಯಾಗಿದೆಯೋ ಇಲ್ಲವೋ ನೋಡಲು ಅವನು ಒಂದು ಕಥೆ ಹಚ್ಚಿ ಫೋನನ್ನು ಸ್ಪೀಕರಿಗೆ ಹಿಡಿದ. ಯಾರೋ ಒಬ್ಬ ಅಜ್ಜ ನರಿಯ ಕಥೆ ಹೇಳುತ್ತಿದ್ದ. ನಡುವೆ ಎಲ್ಲಿಗೆ ಬಂದಿದ್ದೆ ಎಂದು ಮರೆತ. ನರಿ ಬಾವಿಗೆ ಬಿದ್ದಾಯಿತು ತಾತ ಎಂದು ಮಗುವೊಂದು ನೆನಪಿಸಿತು. ಓ, ಆಗಲೇ ಬಿತ್ತಾ, ಪಾಪ ಎಂದ ಅಜ್ಜ. ಬೀಗಮ್ಮ ಕಣ್ಣು ಮುಚ್ಚಿ ಕಥೆ ಮುಗಿಯುವವರೆಗೂ ಕೇಳಿದಳು. ನಾದಿನಿಯೂ ಹಾಸಿಗೆಯ ಅಂಚಿನಲ್ಲಿ ಕೂತುಬಿಟ್ಟಳು. ಆಮೇಲೆ ಗೊಣಗಪ್ಪ ಆ ಎರಡು ಸಾಲು ಸೇರಿಸಿ ಪ್ರೋಗ್ರಾಂ ಓಡಿಸಿ, ಒಂದೊಂದು ಶಾಖೆಯ ಹೆಸರು ಹಿಡಿದು ‘ಆಯ್ತು, ಆಯ್ತು’ ಎಂದು ಓದಿ ಹೇಳಿದ.

ಕಣ್ಣು ವಾಸಿಯಾಗಿ ಬೀಗಮ್ಮ ಆಫೀಸಿಗೆ ಮರಳಿದ ಮೇಲೆ ಇಬ್ಬರೂ ಕುರ್ಚಿ ಅಕ್ಕಪಕ್ಕ ಎಳೆದುಕೊಂಡು ಎಲ್ಲ ಶಾಖೆಗಳಿಗೂ ಫೋನು ಮಾಡಿದರು. ನಿಮ್ಮ ಸರ್ವರಿನಲ್ಲಿ ಬೇರೆಯವರಿಗೆ ಗೊತ್ತಿರದ್ದು ಏನಾದರೂ ಇದೆಯೇ ಎಂದು ವಿಚಾರಿಸಿದರು. ಒಂದು ಶಾಖೆಯವರು ಮೊದಲು ಇಲ್ಲವೇ ಇಲ್ಲ ಎಂದರು. ಆಮೇಲೆ ದನಿ ತಗ್ಗಿಸಿ, ಗ್ರಂಥಾಲಯಕ್ಕೆ ಬರುತ್ತಿದ್ದ ಅಂಧ ಮೇಷ್ಟ್ರಿಗೆಂದು ತಾವೆಲ್ಲ ಪಾಠ ಓದಿ ಧ್ವನಿಮುದ್ರಿಸಿಟ್ಟದ್ದು ಒಂದಿದೆ, ಅದರಿಂದ ತೊಂದರೆಯೇ ಎಂದರು. ಏನೂ ತೊಂದರೆಯಿಲ್ಲ, ಎಲ್ಲಿಟ್ಟಿದ್ದೀರಿ ಹೇಳಿ ಎಂದ ಗೊಣಗಪ್ಪ. ಬೀಗಮ್ಮ ಕೀಬೋರ್ಡನ್ನು ಅವನ ಕಡೆಗೆ ಸರಿಸಿದಳು.